ಕಾರ್ಪೊರೇಟರ ಹತ್ರ ಗಲ್ಲಿ ಕೆಲಸ ಮಾಡಿಸ್ಕೊಳ್ಳೋದು ಹೇಗೆ

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯ ಶೆಟ್ರು ಹೋದ ತಿಂಗಳು ಕಾರ್ಪೊರೇಟರ ಆಫೀಸಿಗೆ ಹೋಗಿ ಮುಕ್ಕಾಲು ಗಂಟೆ ಕೂತು ಬಂದ್ರು. ನೀರು ಕಮ್ಮಿ, ದಾರಿದೀಪ ಇಲ್ಲ, ನಾಯಿ ಜಾಸ್ತಿ, ಗಟಾರ ವಾಸನೆ, ಗೇಟಿಗೆ ಅಡ್ಡ ಪಾನಿಪುರಿ ಗಾಡಿ ಅಂತೆಲ್ಲ ಒಂದೇ ಉಸಿರಿಗೆ ಎಂಟು ಕಂಪ್ಲೇಂಟ್ ಹೇಳಿದ್ರಂತೆ, ಅವರು ಎಂಟಕ್ಕೂ ‘ಹೋ, ಕರತೋ’ (ಆಯ್ತು, ಮಾಡ್ತೀನಿ) ಅಂದ್ರಂತೆ, ಚಾಯ್ ಕೊಟ್ರಂತೆ. "ಒಳ್ಳೆ ಜನ ಮಾರಾಯ್ರೆ, ನಗಾಡ್ತಾ ಮಾತಾಡ್ತಾರೆ" ಅಂತ ಶೆಟ್ರಿಗೆ ಖುಷಿ. ಎಂಟರಲ್ಲಿ ಒಂದೂ ಆಗಿಲ್ಲ. ಆಗೋದಾದ್ರೂ ಹೇಗೆ, ಯಾವ ಕಂಬ, ಯಾವ ಗಟಾರ, ಯಾರಿಗೆ ಹೇಳ್ಬೇಕು ಅಂತ ಒಂದು ಚೀಟಿಯೂ ಕೊಡದೆ ಎದ್ದು ಬಂದಿದ್ದಾರೆ.

ಶೆಟ್ರನ್ನು ಮಾತ್ರ ಅಂದು ಪ್ರಯೋಜನ ಇಲ್ಲ, ಮುಂಬಯಿಯಲ್ಲಿ ಎಲ್ಲರಿಗೂ ಅಭ್ಯಾಸ ತಪ್ಪಿ ಹೋಗಿದೆ. ಪಾಲಿಕೆಯ ಹಳೇ ಸಭೆಯ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಇಲ್ಲಿ ಕಾರ್ಪೊರೇಟರೇ ಇರ್ಲಿಲ್ಲ, ಕಮಿಷನರೇ ಪ್ರಶಾಸಕ, ಅಂದ್ರೆ ಆಡಳಿತಾಧಿಕಾರಿ. 2026ರ ಜನವರಿ 15ಕ್ಕೆ ಓಟ್ ಆಗಿ 227 ಜನ ಬಂದಿದ್ದಾರೆ, ಅದರಲ್ಲಿ ಎಷ್ಟೋ ಜನ ಹೊಸಬರು, ನಾವೂ ಹೊಸಬರ ಥರ ಆಗಿದ್ದೇವೆ. ಹನ್ನೊಂದು ವರ್ಷ ಸೊಸೈಟಿ ಸೆಕ್ರೆಟರಿ ಆಗಿ ಪೆಟ್ಟು ತಿಂದು ಕಲ್ತದ್ದನ್ನು ಬರೀತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಪ್ರಭಾಗ ನಂಬರ್ ತಿಳ್ಕೊಳ್ಳಿ

ಇದು ಎರಡು ನಿಮಿಷದ ಕೆಲಸ, ಮತದಾರರ ಪಟ್ಟಿ ನೋಡಿ ಅಥವಾ ಕೆಳಗಿನ ಕಿರಾಣಿ ಅಂಗಡಿಯವನನ್ನು ಕೇಳಿ. ಒಂದೇ ಎಚ್ಚರ, ಪ್ರಭಾಗ ಅಂದ್ರೆ ಓಟಿನ ಕ್ಷೇತ್ರ, ಅದಕ್ಕೆ ನಂಬರ್ ಇರುತ್ತೆ, ಅಲ್ಲಿ ಗೆದ್ದವರು ಕಾರ್ಪೊರೇಟರ್. ವಾರ್ಡ್ ಆಫೀಸಿಗೆ ಎ ಇಂದ ಟಿ ತನಕ ಅಕ್ಷರ ಇರುತ್ತೆ, ಅಲ್ಲಿ ಕೂರೋದು ಅಸಿಸ್ಟೆಂಟ್ ಕಮಿಷನರ್, ಸಂಬಳದ ಅಧಿಕಾರಿ. ಎರಡಕ್ಕೂ ನಾವು ವಾರ್ಡ್ ವಾರ್ಡ್ ಅಂತೀವಿ, ಅಲ್ಲೇ ಅರ್ಧ ಗೊಂದಲ.

ಎರಡನೇ ಹೆಜ್ಜೆ: ಇದು ಯಾರ ಕೆಲಸ ಅಂತ ಪತ್ತೆ ಹಚ್ಚಿ

ನೂರಕ್ಕೆ ತೊಂಬತ್ತು ಜನ ಎಡವೋದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳ್ತೀನಿ.

ಕಾರ್ಪೊರೇಟರ ಕೈಯಲ್ಲಿ ಗುದ್ದಲಿ ಇಲ್ಲ, ಜೋರಾಗಿ ನೀರು ಹೊಡೆದು ಚೋಕ್ ಬಿಡಿಸೋ ಜೆಟ್ಟಿಂಗ್ ಗಾಡಿ ಇಲ್ಲ. ಅವರು ಮಾಡೋದು ದೂಡೋ ಕೆಲಸ, ವಾರ್ಡ್ ಆಫೀಸಿನ ಯಾವ ಟೇಬಲ್ಲಿಗೆ ದೂಡ್ಬೇಕು ಅಂತ ಗೊತ್ತಿದ್ರೆ ದೂಡ್ತಾರೆ. ಅಲ್ಲಿ ಕಚರಾಕ್ಕೆ, ಅಂದ್ರೆ ಕಸಕ್ಕೆ, ಬೇರೆ ಖಾತೆ, ನೀರಿಗೆ ಬೇರೆ, ರಸ್ತೆ-ಫುಟ್‌ಪಾತಿಗೆ ಮೇಂಟೆನೆನ್ಸ್, ಮರಕ್ಕೆ ಉದ್ಯಾನ ಖಾತೆ, ಸೊಳ್ಳೆ-ಇಲಿಗೆ ಕೀಟನಾಶಕ ಖಾತೆ. ತಪ್ಪು ಟೇಬಲ್ಲಿಗೆ ಹೋದ ಕಾಗದ ವಾಪಸ್ ಬರೋದಿಲ್ಲ, ಅಲ್ಲೇ ಮಲಗುತ್ತೆ.

ನನ್ನದೇ ಕಥೆ ಕೇಳಿ. ನಾನು ಸೆಕ್ರೆಟರಿ ಆದ ಎರಡನೇ ವರ್ಷ ನಮ್ಮ ಗೇಟಿನ ಹತ್ರ ಕಪ್ಪು ನೀರು ಉಕ್ಕಿ ಬರ್ತಿತ್ತು. ನಾನು ದೊಡ್ಡ ಜನ ಥರ ‘ಗಟಾರ ತುಂಬಿದೆ’ ಅಂತ ಕಾಗದ ಕೊಟ್ಟೆ. ಹುಡುಗರು ಬಂದ್ರು, ರಸ್ತೆ ಬದಿ ಗಟಾರದ ಹೂಳು ಎತ್ತಿ ಚೊಕ್ಕ ಮಾಡಿ ಹೋದ್ರು, ಫೋಟೊ ಹಾಕಿದೆ, ಗ್ರೂಪಲ್ಲಿ ಎಲ್ಲರೂ ಚಪ್ಪಾಳೆ. ಮರುದಿನ ಬೆಳಿಗ್ಗೆ ಅದೇ ಕಪ್ಪು ನೀರು. ಮತ್ತೆ ಕಾಗದ, ಮತ್ತೆ ಹೂಳು. ಹೀಗೆ ನಾಲ್ಕು ತಿಂಗಳು. ಆಮೇಲೆ ಒಬ್ಬ ಮುಕಾದಮ (ಆ ಹುಡುಗರ ಮೇಸ್ತ್ರಿ) ಬೀಡಿ ಸೇದ್ತಾ ಹೇಳಿದ, ಸೇಠ್, ಇದು ಮಳೆನೀರಿನ ಗಟಾರದ್ದಲ್ಲ, ಮಲದ ಲೈನ್ ಚೋಕ್ ಆಗಿದೆ, ಆ ಖಾತೆಯೇ ಬೇರೆ. ಹೂಳೆತ್ತಿದವರ ತಪ್ಪಿಲ್ಲ, ನಾನು ಬರೆದದ್ದನ್ನೇ ಅವರು ಮಾಡಿದ್ದು.

ಆಮೇಲಿಂದ ನಾನು ನೋಡೋ ಕ್ರಮ ಹೀಗೆ: ಮಳೆ ಬಂದಾಗ ಮಾತ್ರ ತುಂಬುತ್ತೆ ಅಂದ್ರೆ ಮಳೆನೀರು ಚರಂಡಿ. ಏಪ್ರಿಲ್ ಬಿಸಿಲಲ್ಲೂ ಬೆಳಿಗ್ಗೆ ಎಂಟಕ್ಕೆ, ಎಲ್ಲರೂ ಸ್ನಾನ ಮಾಡೋ ಹೊತ್ತಿಗೆ ಉಕ್ಕುತ್ತೆ ಅಂದ್ರೆ ಮಲಚರಂಡಿ, ಅದಕ್ಕೆ ಜೆಟ್ಟಿಂಗ್ ಗಾಡಿಯೇ ಬರ್ಬೇಕು. ಉಕ್ಕೋದು ಕಾಂಪೌಂಡ್ ಒಳಗಿನ ಚೇಂಬರ್ ಆದ್ರೆ ಅದು ಸೊಸೈಟಿ ಖರ್ಚು, ಕಾರ್ಪೊರೇಟರ ಮನೆಗೆ ಹೋಗ್ಬೇಡಿ, ಪ್ಲಂಬರ್‌ನ ಮನೆಗೆ ಹೋಗಿ. ಮತ್ತೆ ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರೇನ್ ತೆರೆಯೋ ಪೌಡರ್ ಅಂತ ಕೊಡ್ತಾರಲ್ಲ, ಅದು ಬೇಸಿನ್ನಿಗೆ ಸರಿ, ಚೇಂಬರ್‌ಗೆ ಡಬ್ಬಗಟ್ಟಲೆ ಸುರಿದ್ರೆ ದುಡ್ಡು ಮಾತ್ರ ಗಟಾರಕ್ಕೆ. ಮ್ಯಾನ್‌ಹೋಲಿನ ಮುಚ್ಚಳ ನೀವೇ ಎತ್ತೋ ಸಾಹಸ ಅಂತೂ ಬೇಡವೇ ಬೇಡ, 2017ರ ಆಗಸ್ಟ್ 29ರ ಮಳೆಯಲ್ಲಿ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಒಬ್ಬ ಡಾಕ್ಟರೇ ತೀರಿಹೋದ್ರು.

ದೀಪದ ವಿಷಯವೂ ಹೀಗೇ, ಕರೆಂಟ್ ಕಂಪನಿ ಏರಿಯಾಕ್ಕೊಂದು. ದಕ್ಷಿಣದಿಂದ ಮಾಹಿಮ್, ಸಾಯನ್ ತನಕ ಬೆಸ್ಟ್, ಅದರಿಂದ ಆಚೆ ಹೆಚ್ಚಿನ ಉಪನಗರಕ್ಕೆ ಅದಾನಿ, ಮುಲುಂಡ್-ಭಾಂಡುಪ್ ಕಡೆ ಮಹಾವಿತರಣ. ಕಂಬದ ಮೇಲೆ ನಂಬರ್ ಇದ್ರೆ ಅದನ್ನೇ ಬರ್ಕೊಳ್ಳಿ, ‘ಗಣಪತಿ ಗುಡಿ ಹತ್ರದ ಕಂಬ’ ಅಂದ್ರೆ ಈ ಊರಲ್ಲಿ ಯಾವ ಗಣಪತಿ ಅಂತ ಹುಡುಕೋದು?

ನೀರು ಕಮ್ಮಿ ಅಂದ್ರೆ ಮೊದಲು ಪಕ್ಕದ ಬಿಲ್ಡಿಂಗಿಗೆ ಹೋಗಿ ಕೇಳಿ. ಅವರಿಗೂ ಕಮ್ಮಿ ಅಂದ್ರೆ ಪಾಲಿಕೆಯ ಲೈನ್ ವಿಷಯ, ವಾಲ್ವ್ ತಿರುಗಿಸೋ ಚಾವಿವಾಲಾ ಎಷ್ಟು ಹೊತ್ತಿಗೆ ಬರ್ತಾನೆ ಅಂತ ನೋಡಿಟ್ಕೊಳ್ಳಿ. ಅವರಿಗೆ ಜೋರಾಗಿ ಬಂದು ನಿಮಗೆ ಮಾತ್ರ ಸೊರಗಿದ್ರೆ ನಿಮ್ಮ ಪೈಪೇ ತುಕ್ಕು ಹಿಡಿದಿರ್ಬಹುದು, ಲೈಸೆನ್ಸ್ ಇರೋ ಪ್ಲಂಬರ್ ಕರೀರಿ. ನೀರು ಕೊಳಕು ಬಂದ್ರೆ ಟ್ಯಾಂಕಿನ ನೀರು ಬೇಡ, ಸಪ್ಲೈ ಹೊತ್ತಿಗೆ ಸೀದಾ ಲೈನಿಂದ ಬಂದದ್ದನ್ನು ಒಳಗೆ ಕಾಣೋ ಬಾಟ್ಲಿಯಲ್ಲಿ ಹಿಡಿದಿಡಿ.

ಮರ ರಸ್ತೆಯಲ್ಲಿದ್ರೆ ಉದ್ಯಾನ ಖಾತೆ, ಕಾಂಪೌಂಡಲ್ಲಿದ್ರೆ ಖರ್ಚು ನಿಮ್ಮದು ಆದ್ರೆ ಪರ್ಮಿಷನ್ ಅವರದ್ದು, 1975ರ ಮರ ಸಂರಕ್ಷಣಾ ಕಾಯ್ದೆ ಇದೆ, ಭಾನುವಾರ ಬೆಳಿಗ್ಗೆ ಗುಟ್ಟಾಗಿ ಕಡಿಸಿದ್ರೆ ಎದುರು ಬಿಲ್ಡಿಂಗಿನವರೇ ವಿಡಿಯೊ ಮಾಡ್ತಾರೆ.

ಎಲ್ಲಕ್ಕಿಂತ ತಲೆನೋವು ಜಾಗ ಯಾರದ್ದು ಅನ್ನೋದು. ಈಸ್ಟರ್ನ್, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ 2022ರಲ್ಲಿ ಪಾಲಿಕೆ ಕೈಗೆ ಬಂತು, ಅದಕ್ಕೂ ಮೊದಲು ಎಂಎಂಆರ್‌ಡಿಎ, ಅಂದ್ರೆ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ್ದು. ರೈಲ್ವೆ ಜಾಗ ಬೇರೆ, ಕಲೆಕ್ಟರ್ ಜಾಗ ಬೇರೆ. ಮ್ಹಾಡಾ (ಸರ್ಕಾರಿ ಹೌಸಿಂಗ್ ಪ್ರಾಧಿಕಾರ) ಕಾಲೊನಿಯಲ್ಲಿ ಇದ್ರೆ ಒಳಗಿನ ರಸ್ತೆ ಪಾಲಿಕೆಗೆ ಕೊಟ್ಟಾಗಿದೆಯಾ ಇನ್ನೂ ಮ್ಹಾಡಾದ್ದೇನಾ ಅಂತ ಮೊದಲೇ ಕೇಳಿ, ಇಲ್ಲಾಂದ್ರೆ ಇಬ್ಬರ ನಡುವೆ ಕೇರಂ ಸ್ಟ್ರೈಕರ್ ಥರ ತಿರುಗ್ತೀರಿ.

ಮೂರನೇ ಹೆಜ್ಜೆ: 1916ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳ್ಳಿ

ಅದು ಪಾಲಿಕೆಯ ಹೆಲ್ಪ್‌ಲೈನ್, ಅಷ್ಟೇ. ಕಂಪ್ಲೇಂಟ್ ನಂಬರ್ ಇಲ್ಲದೆ ಕಾರ್ಪೊರೇಟರ ಹತ್ರ ಹೋಗ್ಬೇಡಿ.

ನಾಲ್ಕನೇ ಹೆಜ್ಜೆ: ಒಂದು ಕೆಲಸ, ಒಂದು ಕಾಗದ

ಎಂಟು ತೊಂದರೆ ಇದ್ರೆ ಎಂಟು ಕಾಗದ, ಒಂದೇ ದಿನ ಎಂಟೂ ಕೊಡ್ಬೇಡಿ, ಜೋರಾಗಿ ಕಾಡೋದು ಒಂದು ಆರಿಸಿ. ಕಾಗದ ಮರಾಠಿಯಲ್ಲಿರಲಿ. ನಮ್ಮವರು ಮರಾಠಿ ಮಾತಾಡೋದು ಪಟಪಟ, ಬರಿ ಅಂದ್ರೆ ಇಂಗ್ಲಿಷ್ ಶುರು. ಮೊಬೈಲ್ ಟ್ರಾನ್ಸ್‌ಲೇಟ್ ಮಾತ್ರ ನಂಬ್ಬೇಡಿ, ಒಮ್ಮೆ ನಮ್ಮ ಟ್ರೆಷರರ್ ಅದರಿಂದ ಬರೆಸಿದ ಕಾಗದ ಓದಿ ಅಲ್ಲಿದ್ದ ಹುಡುಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ದ. ಮನೆಯಲ್ಲಿ ಹತ್ತನೇ ಕ್ಲಾಸ್ ಮಕ್ಕಳು ಇರ್ತಾರಲ್ಲ, ಶಾಲೆಯಲ್ಲಿ ಮರಾಠಿ ಇರುತ್ತೆ, ಪತ್ರ ಬರೆಯೋ ಪ್ರಶ್ನೆಗೆ ಅವರಿಗೂ ಅಭ್ಯಾಸ ಆಗುತ್ತೆ.

ಕಾಗದದಲ್ಲಿ ಬೇಕಾದದ್ದು: ಜಾಗ (ರಸ್ತೆ ಹೆಸರು, ಯಾವ ಬದಿ, ಯಾವ ಅಂಗಡಿ ಎದುರು), ಯಾವತ್ತಿಂದ, 1916ರ ಕಂಪ್ಲೇಂಟ್ ನಂಬರ್, ಖಾತೆ ಹೆಸರು, ಮತ್ತೆ ಏನು ಮಾಡ್ಬೇಕು. ಈ ಕೊನೇದೇ ಮುಖ್ಯ. ಎಲ್ಲರೂ ಕೊನೆಗೆ ‘ಯೋಗ್ಯ ತೀ ಕಾರ್ಯವಾಹೀ ಕರಾವೀ’ ಅಂತ ಗಂಭೀರವಾಗಿ ಬರೀತಾರೆ. ಸೂಕ್ತ ಕ್ರಮ ಅಂದ್ರೆ ಏನು? ಕಾಗದವನ್ನು ಮುಂದಿನ ಟೇಬಲ್ಲಿಗೆ ಕಳಿಸೋದೂ ಸೂಕ್ತ ಕ್ರಮವೇ. ‘ಇಂಥ ಅಂಗಡಿಯಿಂದ ಇಂಥ ಗೇಟ್ ತನಕ ಮಲಚರಂಡಿ ಜೆಟ್ಟಿಂಗ್ ಮಾಡಿಸಿ’ ಅಂತ ಬರೀರಿ. ರಸ್ತೆ ಹೊಂಡಕ್ಕೆ ಬಿಸಿ ಮಾಡದೆ ಹಾಕೋ ಡಾಂಬರಿನ ಕೋಲ್ಡ್ ಮಿಕ್ಸ್ ಚೀಲ ತಂದು ಸುರಿದ್ರೆ ಎರಡು ಜೋರು ಮಳೆಗೆ ಎದ್ದು ಹೋಗುತ್ತೆ, ಬಿಸಿ ಡಾಂಬರಿನ ಮಾಸ್ಟಿಕ್ ಹಾಕಿ ಅಂತಲೇ ಕೇಳಿ. ಪೇವರ್ ಬ್ಲಾಕ್ ಹಾಕ್ತೇವೆ ಅಂದ್ರೆ ನಾನಾದ್ರೆ ಬೇಡ ಅಂತೀನಿ, ಒಂದು ಕಲ್ಲು ಕುಸಿದ್ರೆ ಸಾಕು, ಮಳೆಗಾಲದಲ್ಲಿ ಅದರ ಮೇಲೆ ಕಾಲಿಟ್ಟವರ ಪ್ಯಾಂಟ್ ಮೊಣಕಾಲ ತನಕ ಕೆಸರು.

ಫೋಟೊ ಎರಡೇ. ಒಂದು ದೂರದಿಂದ, ಅಂಗಡಿ ಬೋರ್ಡ್ ಕಾಣೋ ಹಾಗೆ, ಒಂದು ಹತ್ರದಿಂದ. ತಾರೀಖು, ಜಾಗ ಫೋಟೊ ಮೇಲೇ ಬರೋ ಕ್ಯಾಮರಾ ಆ್ಯಪ್ ಇರುತ್ತೆ, ಅದರಲ್ಲಿ ತೆಗೀರಿ. ಸಹಿ ಇನ್ನೂರು ಬೇಡ, ಸೊಸೈಟಿ ಲೆಟರ್‌ಹೆಡ್ಡು, ಸಿಕ್ಕಾ (ಮೊಹರು), ಅಕ್ಕಪಕ್ಕದ ಎರಡು ಸೊಸೈಟಿಯ ಸಿಕ್ಕಾ ಸಿಕ್ಕಿದ್ರೆ ಭಾರ ಬರುತ್ತೆ.

ಐದನೇ ಹೆಜ್ಜೆ: ಕಾಗದ ಕೊಡೋದು

ಹೆಚ್ಚಿನವರ ಜನಸಂಪರ್ಕ ಕಾರ್ಯಾಲಯ ಸಂಜೆ ಹೊತ್ತು ತೆರೆದಿರುತ್ತೆ, ಕೆಲವರು ಪಕ್ಷದ ಶಾಖೆಯಲ್ಲೇ ಕೂರ್ತಾರೆ. ಮಂಗಳವಾರ ಬುಧವಾರ ಹೋಗಿ. ಶನಿವಾರ ಭಾನುವಾರ ಅವರಿಗೆ ಮದುವೆ, ಮುಂಜಿ, ಉದ್ಘಾಟನೆ. ಗಣಪತಿ ಹತ್ತು ದಿನ ಆಸೆಯೇ ಬೇಡ. ನಾಲಾ ಸಫಾಯಿ, ಅಂದ್ರೆ ಮಳೆಗೆ ಮೊದಲು ನಾಲೆಗಳ ಹೂಳೆತ್ತೋ ಕೆಲಸ, ಮೇ 31ರೊಳಗೆ ಮುಗಿಸೋ ಲೆಕ್ಕ ಪಾಲಿಕೆಯದ್ದು, ಆದ್ದರಿಂದ ಆ ಕಾಗದ ಫೆಬ್ರವರಿಯಲ್ಲೇ ಹೋಗ್ಬೇಕು, ಜೂನಿನಲ್ಲಿ ನೀರು ನುಗ್ಗಿದ ಮೇಲೆ ಅಲ್ಲ.

ಇಲ್ಲಿ 227ರಲ್ಲಿ 114 ಸೀಟು ಹೆಂಗಸರಿಗೆ ಮೀಸಲು. ಮಹಿಳಾ ಕಾರ್ಪೊರೇಟರ್‌ಗೆ ಎಲ್ಲರೂ ‘ತಾಈ’ ಅಂತಾರೆ, ಊರಿಂದ ಹೊಸದಾಗಿ ಬಂದ ನನ್ನ ಅತ್ತೆ ಅದನ್ನು ‘ತಾಯಿ’ ಅಂತ ತಿಳ್ಕೊಂಡು, ಮೂವತ್ತೈದರ ಹುಡುಗಿಯನ್ನು ಇಷ್ಟು ದೊಡ್ಡವರು ತಾಯಿ ಅಂತ ಕರೀತಾರಲ್ಲ, ಎಂಥಾ ಸಂಸ್ಕಾರ ಅಂತ ಮೆಚ್ಚಿದ್ರು. ಅದು ಅಕ್ಕ ಅಂತ. ಇರ್ಲಿ, ಹೇಳೋದೇನಂದ್ರೆ ಗಂಡನೋ ಮೈದುನನೋ ಕುರ್ಚಿಯಲ್ಲಿ ಕೂತು ‘ನಂಗೆ ಕೊಡಿ’ ಅಂದ್ರೆ ನಗ್ತಾ ನಿಂತ್ಕೊಳ್ಳಿ, ಕಾಗದ ತಾಈ ಕೈಗೇ ಕೊಡಿ. ಓಟು ಬಿದ್ದದ್ದು ಅವರಿಗೆ, ಸಹಿಯೂ ಅವರದ್ದೇ ಬೇಕು.

ಬೇಡಬೇಕಾದದ್ದು ಒಂದೇ: ಅವರ ಲೆಟರ್‌ಹೆಡ್ಡಲ್ಲಿ ವಾರ್ಡ್ ಆಫೀಸಿಗೆ ಒಂದು ಪತ್ರ, ನಿಮ್ಮ ಕಾಗದ ಅದಕ್ಕೆ ಪಿನ್. ಅದನ್ನು ಅವರ ಪಿಎ ಕೈಗೆ ಬಿಡದೆ ನೀವೇ ವಾರ್ಡ್ ಆಫೀಸಿಗೆ ಹೋಗಿ ಕೊಟ್ಟು, ನಿಮ್ಮ ಕಾಪಿ ಮೇಲೆ ಆವಕ್ (ಇನ್‌ವರ್ಡ್) ನಂಬರು, ಸಿಕ್ಕಾ ಹಾಕಿಸ್ಕೊಂಡು ಬನ್ನಿ. ಆಫೀಸಿಗೆ ಅರ್ಧ ದಿನ ರಜೆ ಹಾಕ್ಬೇಕಾಗ್ಬಹುದು, ಹಾಕಿ.

ಪುಣೆಯವರಿಗೆ ಒಂದು ಮಾತು. ಅಲ್ಲಿ ಹೆಚ್ಚುಕಮ್ಮಿ ಎಲ್ಲ ಪ್ರಭಾಗಕ್ಕೂ ನಾಲ್ಕು ಜನ ಕಾರ್ಪೊರೇಟರ್. ಕೋಥ್ರೂಡಿನ ನನ್ನ ಷಡ್ಡಕ ಒಬ್ಬರಿಗೆ ಮಾತ್ರ ಹೇಳಿ ಬಂದು ಕೂತಿದ್ದ, "ಭಾವ, ನಾಲ್ಕು ಜನ ಇದ್ದಾರೆ, ಯಾರಾದ್ರೂ ಮಾಡ್ತಾರೆ ಬಿಡಿ" ಅಂತ. ಹಾಗಲ್ಲ, ಅದೇ ಕಾಗದ ನಾಲ್ವರಿಗೂ, ಉಳಿದ ಮೂವರ ಹೆಸರು ಕೆಳಗೆ ಕಾಣೋ ಹಾಗೆ.

ಆರನೇ ಹೆಜ್ಜೆ: ಜಾಗಕ್ಕೆ ಕರೀರಿ, ತೊಂದರೆ ಕಾಣೋ ಹೊತ್ತಿಗೆ

ಕಾರ್ಪೊರೇಟರ್, ಆ ಖಾತೆಯ ಜೂನಿಯರ್ ಇಂಜಿನಿಯರ್ ಇಬ್ಬರೂ ಒಟ್ಟಿಗೆ ಬರೋ ಹಾಗೆ ದಿನ ಕೇಳಿ. ಮಲಚರಂಡಿಗೆ ಬೆಳಿಗ್ಗೆ ಎಂಟು, ನೀರಿಗೆ ಸಪ್ಲೈ ಹೊತ್ತು, ದೀಪಕ್ಕೆ ರಾತ್ರಿ. ಮಧ್ಯಾಹ್ನ ಹನ್ನೆರಡಕ್ಕೆ ಕರೆದು ‘ರಾತ್ರಿ ಕತ್ತಲೆ ಸಾರ್’ ಅಂದ್ರೆ ಅವರು ಏನು ನೋಡ್ಬೇಕು? ಮಾತಾಡೋದು ಒಬ್ಬರೇ. ಇದು ಮೊದಲೇ ಮೀಟಿಂಗಲ್ಲಿ ಹೇಳಿಟ್ರೂ ಯಾರೋ ಒಬ್ಬರು ನಡುವೆ ಬಂದು ಪಾರಿವಾಳದ ವಿಷಯ ತೆಗೀತಾರೆ. ಅವರನ್ನು ಚಾಯ್ ಮಾಡ್ಲಿಕ್ಕೆ ಕಳಿಸಿ. ಇಂಜಿನಿಯರ್ ಮೇಲೆ ಕಾರ್ಪೊರೇಟರ್ ಎದುರು ರೇಗ್ಬೇಡಿ, ನಾಳೆ ಗಾಡಿ ಕಳಿಸೋದು ಅವರೇ. ಫೋನ್ ನಂಬರ್ ತಗೊಳ್ಳಿ, ಯಾವ ದಿನ ಅಂತ ಕೇಳಿ ಎಲ್ಲರ ಎದುರೇ ಬರ್ಕೊಳ್ಳಿ.

ಅಡ್ಡದಾರಿ ಕೇಳ್ತೀರಾದ್ರೆ, ಇದೆ: ಗುಡಿಸೋ ಹುಡುಗನಿಗೆ ಚಾಯ್‌ಪಾಣಿ ಕೊಟ್ರೆ ಎರಡು ದಿನ ಚೊಕ್ಕ ಇರುತ್ತೆ, ಮೂರನೇ ದಿನದಿಂದ ಚಾಯ್‌ಪಾಣಿಯೇ ರೇಟ್ ಆಗುತ್ತೆ. ನಾನು ಮಾಡಿ ನೋಡಿದ್ದೇನೆ, ಬೇಡ.

ಏಳನೇ ಹೆಜ್ಜೆ: ಬೆನ್ನು ಬಿಡದಿರೋದು

ಹತ್ತು ದಿನಕ್ಕೊಮ್ಮೆ ಪಿಎಗೆ ಒಂದು ಮೆಸೇಜ್, ಆವಕ್ ನಂಬರ್ ಸಮೇತ, ಗುಡ್ ಮಾರ್ನಿಂಗ್ ಹೂವು ಬೇಡ. ತಿಂಗಳಾದ್ರೂ ಆಗದಿದ್ರೆ ಪ್ರಭಾಗ ಸಮಿತಿ ಮೀಟಿಂಗಲ್ಲಿ ಎತ್ತಿ ಅಂತ ಕಾರ್ಪೊರೇಟರ್‌ಗೆ ಹೇಳಿ, ಅಲ್ಲಿ ವಾರ್ಡಿನ ಅಧಿಕಾರಿಗಳು ಎದುರಲ್ಲೇ ಇರ್ತಾರೆ, ಕಾರ್ಪೊರೇಟರ್ ನಿಂತು ಕೇಳಿದ್ರೆ ಉತ್ತರ ಕೊಡ್ಲೇಬೇಕು. ಆರ್‌ಟಿಐ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ, ಒಳ್ಳೇ ಆಯುಧ, ಆದ್ರೆ ಅದನ್ನು ಕೊನೆಗೆ ಇಟ್ಕೊಳ್ಳಿ, ಮೊದಲ ವಾರವೇ ಹಾಕಿದ್ರೆ ಆಮೇಲೆ ನಿಮ್ಮ ಫೋನ್ ಯಾರೂ ಎತ್ತಲ್ಲ. ಬೆಂಚು, ಹೆಸರಿನ ಬೋರ್ಡು, ಗೇಟಿನ ಕಮಾನು ಬೇಗ ಆಗುತ್ತೆ ಅಂತ ನೀವೂ ನೋಡಿರ್ಬಹುದು, ಮೇಲೆ ಹೆಸರು ಬರೀಬಹುದು ನೋಡಿ. ನೆಲದಡಿಯ ಪೈಪಿಗೆ ಹೆಸರು ಬರೆಯೋಕಾಗಲ್ಲ, ಅದಕ್ಕೆ ಇಷ್ಟು ಕಾಗದ ಬೇಕು. ಕೆಲಸ ಆದ ದಿನ ಕಾರ್ಪೊರೇಟರ್‌ದ್ದೂ ಇಂಜಿನಿಯರ್‌ದ್ದೂ ಹೆಸರು ಹಾಕಿ ಗ್ರೂಪಲ್ಲಿ ಫೋಟೊ ಹಾಕಿ, ಮುಂದಿನ ಕಾಗದಕ್ಕೆ ಅದೇ ಎಣ್ಣೆ.

ಮತ್ತೆ ಈ ಕಾಗದಗಳ ಫೈಲನ್ನು ಸೊಸೈಟಿ ಆಫೀಸಿನಲ್ಲಿ ಇಡ್ಬೇಡಿ. ನಮ್ಮಲ್ಲಿ ಪೈಂಟಿಂಗ್ ಮಾಡಿಸುವಾಗ ಕಪಾಟು ಖಾಲಿ ಮಾಡಿದ ವಾಚ್‌ಮನ್ ಮೂರು ವರ್ಷದ ಆವಕ್ ಕಾಪಿ ಎಲ್ಲ ರದ್ದಿಯವನಿಗೆ ಕೊಟ್ಟು, ಸಿಕ್ಕಿದ ದುಡ್ಡನ್ನು ಪ್ರಾಮಾಣಿಕವಾಗಿ ತಂದು ನನ್ನ ಕೈಗೇ ಕೊಟ್ಟ. ಈಗ ಫೈಲ್ ಇರೋದು ನನ್ನ ಹೆಂಡತಿ ಸೀರೆ ಕಪಾಟಲ್ಲಿ, ಕೆಳಗಿನ ಅರೆಯಲ್ಲಿ. ನಾಳೆ ಅದರಲ್ಲಿ ಶೆಟ್ರ ಮೊದಲನೇ ಕಾಗದ ಸೇರುತ್ತೆ, ದಾರಿದೀಪದ್ದು, ಕಂಬದ ನಂಬರ್ ಟಾರ್ಚ್ ಹಾಕಿ ನೋಡಿ ಬಂದಿದ್ದಾರೆ.