ಸಾಲ ಕೈಮೀರಿದಾಗ ದಿವಾಳಿ ಅರ್ಜಿ: ಹಾಕುವ ಮುನ್ನ, ಹಾಕಿದ ಮೇಲೆ

ಊರಲ್ಲಿ ಯಾರಾದರೂ ಸಾಲ ತೀರಿಸಲಾಗದೆ ಕೈಚೆಲ್ಲಿದರೆ ‘ಪಾಪರ್ ಆದ’ ಅನ್ನುತ್ತೇವೆ. ಆದರೆ ಕೋರ್ಟ್ ಎದುರಿನ ಟೈಪಿಸ್ಟ್ ಹತ್ತಿರ ಹೋಗಿ ‘ಪಾಪರ್ ಅರ್ಜಿ’ ಬೇಕು ಅಂದರೆ ಬೇರೆಯದೇ ಕಾಗದ ಕೈಗೆ ಬಂದೀತು. ಅದು ಕೋರ್ಟ್ ಫೀ ಕಟ್ಟಲು ಶಕ್ತಿಯಿಲ್ಲದವರು ದಾವೆ ಹೂಡುವಾಗ ಹಾಕುವ ಅರ್ಜಿ. ಸಾಲದಿಂದ ಬಿಡುಗಡೆ ಕೇಳುವುದು ಇನ್ಸಾಲ್ವೆನ್ಸಿ ಅರ್ಜಿ, ಅಂದರೆ ದಿವಾಳಿ ಅರ್ಜಿ. ಆಂಧ್ರ, ತಮಿಳುನಾಡಿನ ಕಡೆ ‘ಐಪಿ ಹಾಕಿದ’ ಅನ್ನುವುದು ಇದಕ್ಕೇ.

2016ರ ದಿವಾಳಿ ಸಂಹಿತೆಯ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದರಲ್ಲಿ ವ್ಯಕ್ತಿಗಳ ದಿವಾಳಿಗೆಂದೇ ಒಂದು ಭಾಗವಿದೆ. ಆದರೆ ಆ ಭಾಗ ಜಾರಿಯಾಗಿರುವುದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ, ಅದೂ 2019ರ ಡಿಸೆಂಬರ್ 1ರಿಂದ. ಸಂಬಳದವರು, ಅಂಗಡಿಯವರು, ಆಟೊ ಓಡಿಸುವವರು ಕರ್ನಾಟಕದಲ್ಲಿ ಇವತ್ತಿಗೂ ತಟ್ಟಬೇಕಾದ ಬಾಗಿಲು 1920ರ ಪ್ರಾಂತೀಯ ದಿವಾಳಿ ಕಾಯ್ದೆಯದು. ಎಷ್ಟು ಹಳೆಯದೆಂದರೆ, 500 ರೂಪಾಯಿ ಸಾಲವಿದ್ದರೂ ಅದರಡಿ ಅರ್ಜಿ ಹಾಕಬಹುದು. ಯೂಟ್ಯೂಬಿನಲ್ಲಿ ನೋಡುವ ಅಮೆರಿಕದ ದಿವಾಳಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅರ್ಜಿ ಬಿದ್ದ ಕ್ಷಣವೇ ವಸೂಲಿ ತಾನಾಗಿ ನಿಲ್ಲುತ್ತದೆ, ಇಲ್ಲಿ ನಿಲ್ಲುವುದಿಲ್ಲ.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ವಕೀಲರ ಹತ್ತಿರ ಹೋಗುವ ಮೊದಲು ಎಲ್ಲ ಸಾಲವನ್ನೂ ಬರೆಯಿರಿ. ಎಲ್ಲ ಅಂದರೆ ಎಲ್ಲ: ಮನೆಯವರಿಗೆ ಹೇಳದ ಆ್ಯಪ್ ಸಾಲ, ದುಡ್ಡು ಎತ್ತಿಕೊಂಡ ಚೀಟಿಯ ಬಾಕಿ ಕಂತು, ಭಾವಮೈದುನನಿಂದ ಪಡೆದ ಕೈಸಾಲ. ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ನಾಲ್ಕೂ ಕಡೆ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗುತ್ತದೆ. ಮರೆತ ಸಾಲ ಅದರಲ್ಲಿ ಕಾಣಿಸುತ್ತದೆ, ಕೈಸಾಲ ಕಾಣಿಸುವುದಿಲ್ಲ.

ಒಂದು ಲೆಕ್ಕ ನೋಡಿ. ಮನೆಗೆ ಬರುವ ಆದಾಯ ತಿಂಗಳಿಗೆ 42,000. ದಿನಸಿ, ಶಾಲೆ ಫೀಸು, ಔಷಧ, ಕರೆಂಟು ಸೇರಿ 24,000. ಉಳಿಯುವುದು 18,000. ಮನೆ ಸಾಲದ ಕಂತು 15,500. ಕ್ರೆಡಿಟ್ ಕಾರ್ಡ್ ಬಾಕಿ 3.2 ಲಕ್ಷ, ತಿಂಗಳಿಗೆ ಶೇ 3.5ರಂತೆ ಬಡ್ಡಿಯೇ 11,200. ಪರ್ಸನಲ್ ಲೋನ್ 4 ಲಕ್ಷ, ಕಂತು 11,000. ಸಂಘದ ಸಾಲ 60,000, ವಾರಕ್ಕೆ 1,200, ಅಂದರೆ ತಿಂಗಳಿಗೆ 5,200. ಕೈಸಾಲ 2 ಲಕ್ಷ, ನೂರಕ್ಕೆ ಮೂರರಂತೆ 6,000. ಈ ‘ನೂರಕ್ಕೆ ಮೂರು’ ಕೇಳಲು ಹಗುರ, ವರ್ಷಕ್ಕೆ ಶೇ 36. ಒಟ್ಟು ಕಟ್ಟಬೇಕಾದದ್ದು 48,900, ಕೈಯಲ್ಲಿರುವುದು 18,000.

ಈಗ ಬಡ್ಡಿ ಮರೆತುಬಿಡಿ. ಅಡಮಾನವಿಲ್ಲದ ಸಾಲದ ಮೊತ್ತ 9.8 ಲಕ್ಷ. ಐದು ವರ್ಷದಲ್ಲಿ ಅಸಲಷ್ಟೇ ತೀರಿಸಬೇಕೆಂದರೂ ತಿಂಗಳಿಗೆ ಸುಮಾರು 16,300 ಬೇಕು. ಮನೆ ಕಂತು ಕಟ್ಟಿದ ಮೇಲೆ ಇರುವುದು 2,500. ಬಡ್ಡಿ ಬಿಟ್ಟರೂ ತೀರದ ಸಾಲ ಇದು. ಹೀಗಿರುವಾಗ ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುವುದು, ಒಡವೆ ಗಿರವಿ ಇಟ್ಟು ಕಂತು ತುಂಬುವುದು ಅಂದರೆ ಇರುವ ಸ್ವತ್ತನ್ನೂ ಕರಗಿಸಿದಂತೆ. ಅದೇ ಐದು ವರ್ಷದಲ್ಲಿ ಅಸಲು ತೀರುವಂತಿದ್ದರೆ ದಿವಾಳಿಯ ಮಾತು ಬಿಟ್ಟು ರಾಜಿಯ ದಾರಿ ಹಿಡಿಯಿರಿ.

ದಿವಾಳಿ ಮುಟ್ಟದ ಸಾಲಗಳು

ಇಲ್ಲೇ ಹೆಚ್ಚಿನವರು ಎಡವುವುದು. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರ ಹಕ್ಕಿಗೆ ದಿವಾಳಿ ಆದೇಶ ತಡೆಯಲ್ಲ. ಮನೆ ಸಾಲ ಕೊಟ್ಟ ಬ್ಯಾಂಕು 90 ದಿನ ಕಂತು ಬಾರದಿದ್ದರೆ ಖಾತೆಯನ್ನು ಎನ್‌ಪಿಎ (ವಸೂಲಾಗದ ಸಾಲ) ಎಂದು ಗುರುತಿಸಿ, ಕೋರ್ಟಿಗೆ ಹೋಗದೆಯೇ ಅಡಮಾನದ ಸ್ವತ್ತು ಹಿಡಿಯಲು ಬಿಡುವ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ಮನೆಯ ಸ್ವಾಧೀನಕ್ಕೆ ಬರಬಹುದು. ಆ ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ 15 ದಿನದೊಳಗೆ ಬ್ಯಾಂಕು ಉತ್ತರಿಸಲೇಬೇಕು. ಸ್ವಾಧೀನದ ಕ್ರಮ ಕೈಗೊಂಡರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನವಿದೆ. ಕೃಷಿ ಭೂಮಿಗೆ ಸರ್ಫೇಸಿ ಅನ್ವಯಿಸುವುದಿಲ್ಲ. ಗಿರವಿ ಇಟ್ಟ ಚಿನ್ನ, ಸಾಲದ ಮೇಲಿನ ವಾಹನದ ಕತೆಯೂ ಮನೆಯದೇ.

ಜಾಮೀನುದಾರ ಉಳಿಯುವುದಿಲ್ಲ. ನೀವು ಬಿಡುಗಡೆಯಾದರೂ ಜಾಮೀನು ಹಾಕಿದ ಸಹೋದ್ಯೋಗಿಯ, ಜಂಟಿಯಾಗಿ ಸಹಿ ಮಾಡಿದ ಹೆಂಡತಿಯ ಹೊಣೆ ಹಾಗೇ ಇರುತ್ತದೆ. ಸರ್ಕಾರಕ್ಕೆ ಕೊಡಬೇಕಾದದ್ದು, ವಂಚನೆಯಿಂದ ಮಾಡಿದ ಸಾಲ, ಕೋರ್ಟ್ ಆದೇಶಿಸಿದ ಜೀವನಾಂಶ ಮನ್ನಾ ಆಗುವುದಿಲ್ಲ. ಚೆಕ್ ಬೌನ್ಸ್ ಪ್ರಕರಣ ಕ್ರಿಮಿನಲ್ ಸ್ವರೂಪದ್ದು, ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಖಾಲಿ ಚೆಕ್ ಕೊಟ್ಟು ಕೈಸಾಲ ಮಾಡಿದವರು ಇದನ್ನು ಮೊದಲು ಗಮನಿಸಿ: ಬೌನ್ಸ್ ನೋಟಿಸ್ ಕೈಗೆ ಬಂದ ಮೇಲೆ ಹಣ ಕಟ್ಟಲು ಇರುವುದು 15 ದಿನ.

ಮೇಲಿನ ಲೆಕ್ಕದ ಮನೆಯಲ್ಲಿ ದಿವಾಳಿಯಿಂದ ಹಗುರವಾಗಬಹುದಾದದ್ದು ಕಾರ್ಡು, ಪರ್ಸನಲ್ ಲೋನ್, ಸಂಘದ ಸಾಲ, ಕೈಸಾಲ. ನಿಮ್ಮ ಪಟ್ಟಿಯಲ್ಲಿ ಮುಕ್ಕಾಲು ಪಾಲು ಮನೆ ಸಾಲವೇ ಇದ್ದರೆ ಈ ಅರ್ಜಿಯಿಂದ ಪ್ರಯೋಜನ ಕಡಿಮೆ. ಮನೆಯನ್ನು ಹರಾಜಿಗೆ ಬಿಡದೆ ನೀವೇ ಒಳ್ಳೆಯ ಬೆಲೆಗೆ ಮಾರಿ ಬ್ಯಾಂಕ್ ಬಾಕಿ ಚುಕ್ತಾ ಮಾಡುವುದು ಮೇಲು.

ರಾಜಿಗೆ ಒಂದು ಅವಕಾಶ

ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕುಗಳು ಒಂದೇ ಬಾರಿಯ ಇತ್ಯರ್ಥಕ್ಕೆ ಒಪ್ಪುತ್ತವೆ, ಆದರೆ ಕೈಯಲ್ಲಿ ಇಡಿಗಂಟು ಇರಬೇಕು. ಫೋನಿನಲ್ಲಿ ಏಜೆಂಟ್ ಹೇಳಿದ ಮೊತ್ತಕ್ಕೆ ಬೆಲೆಯಿಲ್ಲ. ಸಾಲದ ಖಾತೆ ಸಂಖ್ಯೆ, ಮೊತ್ತ, ಕೊನೆಯ ದಿನಾಂಕ, ‘ಪೂರ್ಣ ಮತ್ತು ಅಂತಿಮ’ ಎಂಬ ಮಾತು ಇರುವ ಪತ್ರ ಬ್ಯಾಂಕಿನಿಂದಲೇ ಬರಬೇಕು. ಹಣವನ್ನು ಸಾಲದ ಖಾತೆಗೇ ಕಟ್ಟಿ, ಏಜೆಂಟನ ಯುಪಿಐಗೆ ಹಾಕಬೇಡಿ. ಆಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು, ಕೊಟ್ಟ ಚೆಕ್ಕುಗಳನ್ನು ವಾಪಸ್ ಕೇಳಿ. ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ, ಆದರೆ ಈ ಸ್ಥಿತಿಯಲ್ಲಿ ಅದು ನಷ್ಟವೇನಲ್ಲ.

‘ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ, ತಿಂಗಳ ಫೀ ಕಟ್ಟಿ’ ಅನ್ನುವ ಸಂಸ್ಥೆಗಳಿಂದ ದೂರ ಇರಿ. ಅವರು ಬರೆಯುವ ಪತ್ರ ನೀವೂ ಬರೆಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಅದು ಡಿಕ್ರಿಯಷ್ಟೇ, ಅಂದರೆ ಕೋರ್ಟಿನ ತೀರ್ಪಿನಷ್ಟೇ ಗಟ್ಟಿ. ನ್ಯಾಯಾಧೀಶರ ಮುಂದೆ ಮುಜುಗರಕ್ಕೆ ‘ತಿಂಗಳಿಗೆ ಹತ್ತು ಸಾವಿರ ಕಟ್ಟುತ್ತೇನೆ’ ಎಂದು ಒಪ್ಪಿ, ಮೂರನೇ ತಿಂಗಳು ತಪ್ಪಿದರೆ ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಬಂದೇ ಬರುತ್ತದೆ.

ವಸೂಲಿಗಾರರ ಕಾಟದ ಬಗ್ಗೆ ಇಷ್ಟು ತಿಳಿದಿರಲಿ. ರಿಸರ್ವ್ ಬ್ಯಾಂಕಿನ 2022ರ ಸುತ್ತೋಲೆಯಂತೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡುವಂತಿಲ್ಲ. ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಿ. ಮಾಹಿತಿಗೆ 14448. ನೋಂದಣಿಯಿಲ್ಲದ ಬಡ್ಡಿ ವ್ಯವಹಾರದವರು ಮನೆ ಮುಂದೆ ಕೂತು ಬೆದರಿಸಿದರೆ, ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ರಾತ್ರಿ ನಿದ್ದೆ ಬಾರದೆ ಕೆಟ್ಟ ಯೋಚನೆ ಸುಳಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಅರ್ಜಿಯನ್ನು ಕೆಡಿಸುವ ಜಾಣತನ

ದಿವಾಳಿ ಪ್ರಕರಣಗಳು ಕೆಡುವುದು ಅರ್ಜಿಯಲ್ಲಿನ ತಪ್ಪಿಗಿಂತ ಅರ್ಜಿಗೆ ಮೊದಲು ಮಾಡಿದ ಜಾಣತನದಿಂದ. ಸೈಟನ್ನು ಹೆಂಡತಿಗೆ ದಾನಪತ್ರ ಮಾಡುವುದು ಎಲ್ಲರಿಗೂ ಹೊಳೆಯುವ ಉಪಾಯ. ದಾನ ಮಾಡಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ನೀವು ದಿವಾಳಿಯೆಂದು ಘೋಷಿತರಾದರೆ, 1920ರ ಕಾಯ್ದೆಯ ಕಲಂ 53ರಡಿ ಕೋರ್ಟು ಆ ದಾನಪತ್ರವನ್ನೇ ರದ್ದು ಮಾಡಬಹುದು. ಪ್ರಾಮಾಣಿಕವಾಗಿ ಬೆಲೆ ಕೊಟ್ಟು ಕೊಂಡವರ ಕ್ರಯಕ್ಕೆ ಈ ಭಯವಿಲ್ಲ.

ಎರಡನೆಯದು ಮರ್ಯಾದೆಯ ಪ್ರಶ್ನೆಯಿಂದ ಹುಟ್ಟುವ ತಪ್ಪು. ‘ಬ್ಯಾಂಕಿನದು ಹಾಗಿರಲಿ, ಮಾವನ ದುಡ್ಡು ಮೊದಲು ಕೊಟ್ಟುಬಿಡೋಣ’ ಎಂದು ಉಳಿದವರನ್ನು ಬಿಟ್ಟು ಒಬ್ಬರಿಗೆ ಚುಕ್ತಾ ಮಾಡುತ್ತಾರೆ. ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬರ ಮೇಲಿನ ಪಕ್ಷಪಾತದಿಂದ ಹೀಗೆ ಕೊಟ್ಟದ್ದು ಕಲಂ 54ರಡಿ ಅನೂರ್ಜಿತ. ಮಾವನಿಂದ ಆ ಹಣ ವಾಪಸ್ ಕೇಳುತ್ತಾರೆ, ನಿಮ್ಮ ಬಿಡುಗಡೆಗೂ ಅದು ಅಡ್ಡಿಯಾಗುತ್ತದೆ. ಮೂರನೆಯದು, ತೀರಿಸಲಾಗದು ಎಂದು ಗೊತ್ತಿದ್ದೂ ಕೊನೆಗಳಿಗೆಯಲ್ಲಿ ಹೊಸ ಸಾಲ ಎತ್ತುವುದು.

ಅರ್ಜಿ ಮತ್ತು ವಿಚಾರಣೆ

ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ನ್ಯಾಯಾಲಯ, ಇಲ್ಲವೇ ಸರ್ಕಾರ ಈ ಅಧಿಕಾರ ಕೊಟ್ಟಿರುವ ಕೆಳಗಿನ ನ್ಯಾಯಾಲಯ ಅರ್ಜಿ ಸಲ್ಲಿಸುವ ಜಾಗ. ಕಲಂ 13 ಕೇಳುವುದು ಇಷ್ಟು: ಸಾಲ ತೀರಿಸಲು ಶಕ್ತಿಯಿಲ್ಲವೆಂಬ ಹೇಳಿಕೆ, ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ, ನಿಮ್ಮ ಎಲ್ಲ ಸ್ವತ್ತು, ಅದರ ಬೆಲೆ, ಅದು ಇರುವ ಜಾಗ, ವಿನಾಯಿತಿ ಇರುವುದನ್ನು ಬಿಟ್ಟು ಉಳಿದದ್ದನ್ನು ಕೋರ್ಟಿಗೆ ಒಪ್ಪಿಸಲು ಸಿದ್ಧ ಎಂಬ ಮಾತು, ಹಿಂದೆ ಇಂಥ ಅರ್ಜಿ ಹಾಕಿದ್ದರೆ ಅದರ ವಿವರ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು ಭಾಗವಾಗದೆ ಇದ್ದರೂ ಬರೆಯಿರಿ. ಬೇಕೆಂದೇ ಮುಚ್ಚಿಟ್ಟರೆ ಕಲಂ 69ರಡಿ ಒಂದು ವರ್ಷದವರೆಗೆ ಜೈಲು.

ವಿನಾಯಿತಿ ಯಾವುದಕ್ಕೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ನೋಡಿ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮಾಚಾರದಂತೆ ಹೆಣ್ಣು ತೆಗೆಯಲಾಗದ ಒಡವೆ, ಕುಶಲಕರ್ಮಿಯ ಸಲಕರಣೆ, ರೈತನಾದರೆ ನೇಗಿಲು, ಎತ್ತು, ಬಿತ್ತನೆ ಬೀಜದ ಜೊತೆಗೆ ಅವನ ವಾಸದ ಮನೆಯೂ. ಭವಿಷ್ಯ ನಿಧಿ, ಗ್ರಾಚುಯಿಟಿ, ಜೀವವಿಮೆಯ ಹಣವೂ ಸೇರುತ್ತದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. ಜಪ್ತಿ ಮಾಡಬಹುದಾದ ಸಂಬಳ 31,000 ಇದ್ದರೆ 10,000ದವರೆಗೆ ಹಿಡಿಯಬಹುದು, 21,000 ನಿಮ್ಮದು.

ಅರ್ಜಿ ಹಾಕಿದ ದಿನಕ್ಕೂ ದಿವಾಳಿ ಘೋಷಣೆಯ ದಿನಕ್ಕೂ ನಡುವೆ ಸಾಲ ಕೊಟ್ಟವರಿಗೆ ನೋಟಿಸ್, ಪ್ರಕಟಣೆ, ಆಕ್ಷೇಪಣೆ ಎಲ್ಲ ನಡೆಯಬೇಕು. ಬೆಂಕಿಯ ಮೇಲೆ ನಿಂತಂತಿರುವ ಕಾಲ ಅದು. ಈ ಅವಧಿಯಲ್ಲಿ ರಕ್ಷಣೆ ತಾನಾಗಿ ಬರುವುದಿಲ್ಲ, ಜಪ್ತಿ ಅಥವಾ ಬಂಧನದ ಆದೇಶ ಬಾಕಿಯಿದ್ದರೆ ಮಧ್ಯಂತರ ಅರ್ಜಿ ಹಾಕಿಯೇ ಕೇಳಬೇಕು. ಘೋಷಣೆಯ ನಂತರವೂ ಬಂಧನದಿಂದ ರಕ್ಷಣೆಗೆ 1920ರ ಕಾಯ್ದೆಯ ಕಲಂ 31ರ ಪ್ರತ್ಯೇಕ ಆದೇಶ ಬೇಕು. ಅಂದಹಾಗೆ, ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಗಂಡಸರನ್ನೂ ಬರೀ ಬಡತನಕ್ಕೆ ಜೈಲಿಗೆ ಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಶಕ್ತಿ ಇದ್ದೂ ಕೊಡದವರಿಗಷ್ಟೇ ಆ ಶಿಕ್ಷೆ.

ಘೋಷಣೆಯಾದರೆ ಸ್ವತ್ತು ಕೋರ್ಟಿನ ಅಥವಾ ಅದು ನೇಮಿಸುವ ರಿಸೀವರನ ವಶಕ್ಕೆ ಹೋಗುತ್ತದೆ. ಬಿಡುಗಡೆಗೆ ಮೊದಲು ಬಂದ ಆಸ್ತಿಯೂ, ಅಪ್ಪ ತೀರಿಕೊಂಡು ಬಂದ ಪಾಲೂ ಅಲ್ಲಿಗೇ ಸೇರುತ್ತದೆ. ಅಡಮಾನವಿಲ್ಲದೆ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ನಿಮ್ಮ ಮೇಲೆ ದಾವೆ ಹೂಡುವಂತಿಲ್ಲ. ನಿಮ್ಮ ಹೆಸರು ರಾಜ್ಯಪತ್ರದಲ್ಲಿ ಬರುತ್ತದೆ. ಬಿಡುಗಡೆಯಾಗುವವರೆಗೆ ಶಾಸಕ, ಸಂಸದ, ಕಂಪನಿ ನಿರ್ದೇಶಕ ಆಗುವಂತಿಲ್ಲ. ದಿವಾಳಿ ಎಂದು ಹೇಳದೆ 50 ರೂಪಾಯಿ ಸಾಲ ಪಡೆದರೂ ಅಪರಾಧ!

ಕೊನೆಯ ಮೆಟ್ಟಿಲು ಬಿಡುಗಡೆ ಆದೇಶ. ಸ್ವತ್ತು ಮಾರಿದ ಹಣ ಅಡಮಾನವಿಲ್ಲದ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ, ಅಂದರೆ ಅರ್ಧದಷ್ಟೂ ಬಾರದಿದ್ದರೆ ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕು. ಆಸ್ಪತ್ರೆ ಬಿಲ್ಲು, ಕೆಲಸ ಹೋದ ಪತ್ರ, ಬೆಳೆ ಹಾನಿಯ ದಾಖಲೆ ಇಲ್ಲಿ ಕೆಲಸಕ್ಕೆ ಬರುತ್ತವೆ. ಜೂಜು, ದುಂದುವೆಚ್ಚ, ದುಡುಕಿನ ಸಟ್ಟಾ ವ್ಯವಹಾರ ಕಂಡರೆ ಪೂರ್ಣ ಬಿಡುಗಡೆ ಸಿಗುವುದಿಲ್ಲ. ಆನ್‌ಲೈನ್ ರಮ್ಮಿಯಲ್ಲಿ ಕಳೆದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಲುಸಾಲಾಗಿ ಕಾಣುತ್ತದೆ, ವಕೀಲರಿಗೆ ಮೊದಲೇ ಹೇಳಿಬಿಡಿ.

ದಿವಾಳಿ ಘೋಷಣೆಯ ಆದೇಶದಲ್ಲೇ ‘ಇಂತಿಷ್ಟು ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಹಾಕತಕ್ಕದ್ದು’ ಎಂದಿರುತ್ತದೆ. ಕಾಟ ನಿಂತಿತಲ್ಲ ಎಂದು ಮೈಮರೆತು ಆ ಅವಧಿ ದಾಟಿಸಿದರೆ ಕೋರ್ಟು ಘೋಷಣೆಯನ್ನೇ ರದ್ದು ಮಾಡಬಹುದು, ಎಲ್ಲ ಸಾಲವೂ ಮತ್ತೆ ತಲೆ ಮೇಲೆ. ಹಾಗೆ ರದ್ದಾದ ಮೇಲೆ ಕೋರ್ಟಿನ ಅನುಮತಿಯಿಲ್ಲದೆ ಇನ್ನೊಂದು ಅರ್ಜಿಯನ್ನೂ ಹಾಕುವಂತಿಲ್ಲ. ಆದೇಶದ ನಕಲು ಕೈಗೆ ಬಂದ ದಿನವೇ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಮಯ ಸಾಲದು ಅನ್ನಿಸಿದರೆ, ಅವಧಿ ಮುಗಿಯುವ ಮೊದಲೇ ಕಾರಣ ಕೊಟ್ಟು ವಿಸ್ತರಣೆ ಕೇಳಿ.