ಐದನೇ ಜ್ವರ: ಮಾತಿಲ್ಲದ ಸಿನಿಮಾ ಮಾಡಿದ ನನ್ನ ಅನುಭವ

ಶಿಡ್ಲಘಟ್ಟದ ಹತ್ತಿರ ನಮ್ಮ ದೊಡ್ಡಮ್ಮನ ಊರು. ಅವಳದು ರೇಷ್ಮೆ ಹುಳು ಸಾಕುವ ಮನೆ. ಚಿಕ್ಕವನಿದ್ದಾಗ ರಜೆಗೆ ಹೋದರೆ ಹುಳು ಮನೆಯ ಪಕ್ಕದ ಕೋಣೆಯಲ್ಲೇ ಮಲಗುತ್ತಿದ್ದೆ. ಒಂದು ರಾತ್ರಿ ಎಚ್ಚರವಾಯಿತು. ಜೋರು ಮಳೆ! ಹೊರಗೆ ಓಡಿದೆ. ಅಂಗಳ ಒಣಗಿತ್ತು, ಆಕಾಶದ ತುಂಬ ನಕ್ಷತ್ರ. ಮಳೆ ಬಂದಿರಲಿಲ್ಲ, ಒಳಗೆ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ, ಮುಂಚಿನ ದಿನಗಳಲ್ಲಿ ಹುಳು ತಿನ್ನುವುದನ್ನು ಕೇಳಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ನನ್ನ ಹನ್ನೊಂದು ನಿಮಿಷದ ಸಿನಿಮಾ ಹುಟ್ಟಿದ್ದು ಆ ಸದ್ದಿನಿಂದ. ಆದರೆ ಅದು ಗೊತ್ತಾಗುವ ಹೊತ್ತಿಗೆ ಎಂಟು ತಿಂಗಳು ಹಾಳು ಮಾಡಿದ್ದೆ.

ಮೊದಲು ಮಾಡಿದ ತಪ್ಪು ಹೇಳುತ್ತೇನೆ. ಒಂದು ಕಥೆ ಬರೆದೆ, ಸಂಭಾಷಣೆ ಬರೆದೆ, ಆಮೇಲೆ ಸಂಭಾಷಣೆ ಹೊಡೆದುಹಾಕಿದೆ. ಮಾತಿಲ್ಲದ ಸಿನಿಮಾ ಆಯಿತಲ್ಲ ಅಂದುಕೊಂಡೆ. ಮೊಬೈಲಿನಲ್ಲಿ ಎರಡು ದೃಶ್ಯ ತೆಗೆದು ನೋಡಿದರೆ ನಗು ಬಂತು. ಎಲ್ಲರೂ ಕೈ ಬೀಸುತ್ತ, ಹುಬ್ಬು ಹಾರಿಸುತ್ತ ಒದ್ದಾಡುತ್ತಿದ್ದರು. ಟೀವಿಯ ಸೌಂಡ್ ಆಫ್ ಮಾಡಿದ ಹಾಗಿತ್ತು, ಅಷ್ಟೇ. ಆಮೇಲೆ ಸಿಂಗೀತಂ ಶ್ರೀನಿವಾಸ ರಾವ್ ಅವರ 1987ರ ‘ಪುಷ್ಪಕ ವಿಮಾನ’ವನ್ನು ಮತ್ತೆ ಕೂತು ನೋಡಿದೆ. ಅದರಲ್ಲಿ ಮಾತಿಲ್ಲ, ಆದರೆ ಸದ್ದು ಬೇಕಾದಷ್ಟಿದೆ. ಮಾತಿನ ಕೊರತೆ ಕಾಣದ ಹಾಗೆ ಸನ್ನಿವೇಶಗಳನ್ನೇ ಕಟ್ಟಿದ್ದಾರೆ. ನಾನು ಬಾಯಿ ಮುಚ್ಚಿಸಿದ್ದೆ, ಅವರು ಬಾಯಿಯ ಕೆಲಸವನ್ನೇ ಬೇರೆಯದಕ್ಕೆ ಕೊಟ್ಟಿದ್ದರು.

ಕಥೆ ಬಿಟ್ಟೆ. ಸರ್ರಿಯಲ್ ಅನ್ನುವ, ಕನಸಿನ ಹಾಗೆ ತರ್ಕಕ್ಕೆ ಸಿಗದ ದಾರಿ ಹಿಡಿದೆ. 1929ರಲ್ಲಿ ಸ್ಪೇನಿನ ನಿರ್ದೇಶಕ ಲೂಯಿ ಬುನ್ಯುಯೆಲ್ ಮತ್ತು ಚಿತ್ರಕಾರ ಸಾಲ್ವಡಾರ್ ಡಾಲಿ ತಮ್ಮ ಕಿರುಚಿತ್ರ ಬರೆಯುವಾಗ ಒಂದು ಕರಾರು ಮಾಡಿಕೊಂಡಿದ್ದರಂತೆ. ಬುದ್ಧಿಯಿಂದ ವಿವರಿಸಬಹುದಾದ ಯಾವ ಚಿತ್ರವನ್ನೂ ಇಟ್ಟುಕೊಳ್ಳಬಾರದು. ನಾನೂ ಅದನ್ನೇ ಪರೀಕ್ಷೆ ಮಾಡಿಕೊಂಡೆ. ಒಂದೊಂದು ದೃಶ್ಯವನ್ನೂ ಕ್ಯಾಮೆರಾ ಹಿಡಿಯುವ ಗೆಳೆಯನಿಗೆ ಹೇಳುವುದು. ಅವನು ‘ಓ, ಇದರರ್ಥ ಹೀಗೆ ಅಲ್ವಾ’ ಅಂದರೆ ಅದು ಔಟ್. ನಿಂತ ಗಡಿಯಾರ ಹೋಯಿತು, ಒಡೆದ ಕನ್ನಡಿ ಹೋಯಿತು, ಬಿಳಿ ಸೀರೆ ಉಟ್ಟು ಕೆರೆ ಏರಿ ಮೇಲೆ ನಡೆಯುವ ಹುಡುಗಿಯೂ ಹೋದಳು. ಅವು ನನ್ನ ಕನಸುಗಳೂ ಆಗಿರಲಿಲ್ಲ, ಬೇರೆಯವರ ಸಿನಿಮಾದಿಂದ ಸಾಲ ತಂದವು.

ಉಳಿದದ್ದು ಮೂರು. ಹುಳು ಮನೆಯೊಳಗೆ ಒಬ್ಬ ಕೊಡೆ ಬಿಚ್ಚಿ ಕೂತಿರುವುದು. ಒಬ್ಬನ ಬಾಯಿಂದ ರೇಷ್ಮೆ ನೂಲು ಬರುತ್ತಲೇ ಇರುವುದು. ಗೂಡಿನಿಂದ ನೂಲು ಬಿಚ್ಚುವ ಕುದಿಯುವ ಬೇಸಿನ್ನಿನೊಳಕ್ಕೆ ಹಬೆ ವಾಪಸ್ ಇಳಿಯುವುದು. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಬೋರ್‌ವೆಲ್ ಕೊರೆಸುವ ಸೀಮೆಯಲ್ಲಿ ಕೊಡೆಗೆ ಅರ್ಥ ಹಚ್ಚುವುದು ಕಷ್ಟವೇನಲ್ಲ. ಗೆಳೆಯ ಹಚ್ಚಿಯೂ ಬಿಟ್ಟ. ಆದರೂ ಇಟ್ಟುಕೊಂಡೆ. ನನ್ನ ನಿಯಮ, ನಾನೇ ಮುರಿದೆ.

ಮೂರು ಚಿತ್ರ ಸಿಕ್ಕವು, ಆದರೆ ಅವನ್ನು ಪೋಣಿಸುವ ದಾರ? ಅದನ್ನು ಹುಳುಗಳೇ ಕೊಟ್ಟವು. ಪೊರೆ ಬಿಡುವ ಮುಂಚೆ ಹುಳು ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಸುಮ್ನೆ ನಿಲ್ಲುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮುಂಚೆ ಹೀಗೆ ನಾಲ್ಕು ಜ್ವರ. ಸದ್ದು, ಮೌನ, ಮತ್ತೆ ಸದ್ದು, ಮತ್ತೆ ಮೌನ. ಸಿನಿಮಾದ ಲಯ ಇದೇ ಅಂದುಕೊಂಡೆ. ಐದನೇ ಮೌನ ಮಾತ್ರ ನಾನು ಸೇರಿಸಿದ್ದು, ಹೆಸರೂ ಅಲ್ಲಿಂದಲೇ ಬಂತು. ‘ಹುಳಕ್ಕೆ ನಾಲ್ಕೇ ಜ್ವರ ಕಣೋ, ಅದ್ರಲ್ಲೂ ನಮ್ಮನೇಲಿ ಆಗೋದು ಎರಡೇ’ ಅಂದಳು ದೊಡ್ಡಮ್ಮ. ಅವಳು ಚಾಕಿ ಹುಳು, ಅಂದರೆ ಬೇರೆ ಕಡೆ ಸಾಕಿದ ಮರಿ ಹುಳು, ತರುತ್ತಾಳೆ. ಮೊದಲ ಎರಡು ಜ್ವರ ಚಾಕಿ ಸೆಂಟರಿನಲ್ಲೇ ಮುಗಿದಿರುತ್ತವೆ.

ಹುಳು ಮನೆಯೊಳಗೆ ಶೂಟಿಂಗ್ ಅಂದರೆ ಸುಲಭ ಅಲ್ಲ. ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಕನಸಿನ ವಾತಾವರಣಕ್ಕೆ ಹೊಗೆ ಬೇಕು ಅಂತ ನಾನು ಸಾಂಬ್ರಾಣಿ ತಂದಿದ್ದೆ. ಹೊಸಿಲಲ್ಲೇ ಬೈಸಿಕೊಂಡೆ. ಹುಳಕ್ಕೆ ಹೊಗೆ ಆಗದು, ಸೆಂಟು ಆಗದು. ಸೆಂಟ್ ಹಾಕಿಕೊಂಡು ಬಂದಿದ್ದ ಗೆಳೆಯ ಸ್ನಾನ ಮಾಡಿ ಬರಬೇಕಾಯಿತು. ಬಿಸಿಯಾಗುವ ಲೈಟೂ ಬೇಡ, ಹುಳಕ್ಕೆ ಇಪ್ಪತ್ತೈದು ಡಿಗ್ರಿಯ ಆಸುಪಾಸು ಇರಬೇಕು. ಆದರೆ ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣ ಬರದಿರಲಿ ಅಂತ ಕಿಟಕಿಗೆ ಕಟ್ಟಿದ್ದ ನೈಲಾನ್ ಪರದೆ ನನ್ನನ್ನು ಕಾಪಾಡಿತು. ಬೆಳಿಗ್ಗೆ ಏಳರ ಬಿಸಿಲು ಅದರಿಂದ ಸೋಸಿ ಬರುವಾಗ ಎಷ್ಟು ಮೆತ್ತಗಿರುತ್ತದೆ! ಬೆಳಕು ಮೆತ್ತಗೆ ಮಾಡಲು ದುಡ್ಡು ಕೊಟ್ಟು ಬಾಡಿಗೆಗೆ ತಂದ ಡಿಫ್ಯೂಸರ್ ಚೀಲದಿಂದ ಹೊರಗೇ ಬರಲಿಲ್ಲ.

ಬಾಯಿಂದ ನೂಲು ಬರುವ ದೃಶ್ಯಕ್ಕೆ ನಾಲ್ಕು ದಿನ ಹಿಡಿಯಿತು. ಒಂದೇ ಗೂಡಿನ ಎಳೆ ಕ್ಯಾಮೆರಾಗೆ ಕಾಣುವುದೇ ಇಲ್ಲ. ಮಾವನ ಫಿಲೇಚರಿನಿಂದ, ಅಂದರೆ ಗೂಡಿನಿಂದ ನೂಲು ತೆಗೆಯುವ ಘಟಕದಿಂದ, ಒಂದು ಲಡಿ ಕಚ್ಚಾ ರೇಷ್ಮೆ ತಂದು ಹಲವು ಎಳೆ ಸೇರಿಸಿ ಹುರಿ ಮಾಡಿದೆವು. ಅದು ಒರಟು, ಮೇಲಾಗಿ ಬೆಂದ ಹುಳದ ವಾಸನೆ, ಬಾಯಿಗಿಟ್ಟವನಿಗೆ ವಾಂತಿ ಬರುವ ಹಾಗಾಯಿತು. ಸೋಪಿನ ನೀರಿನಲ್ಲಿ ಕುದಿಸಿದೆವು. ಅಂಟು ಬಿಟ್ಟು ನೂಲು ಮೆತ್ತಗಾಯಿತು, ವಾಸನೆ ಹೋಯಿತು, ಹೊಳಪೂ ಬಂತು. ಚೆನ್ನಾಗಿ ಜಾಲಾಡಿ, ಚಿಕ್ಕ ಉಂಡೆ ಮಾಡಿ ಕೆನ್ನೆಯೊಳಗೆ ಇಡಿಸಿದೆ. ನುಂಗಿಬಿಟ್ಟಾರು ಅಂತ ಒಳಗಿನ ತುದಿಗೆ ಒಂದು ದೊಡ್ಡ ಗುಂಡಿ ಕಟ್ಟಿದ್ದೆ, ಅದು ಹಲ್ಲಿನ ಹಿಂದೆ. ಬೆಳಕು ಹಿಂದಿನಿಂದ ಬಿದ್ದರೆ ಮಾತ್ರ ನೂಲು ಕಾಣುತ್ತದೆ. ಮುಂದಿನಿಂದ ಬಿದ್ದರೆ ಏನೂ ಇಲ್ಲ.

ಹಬೆಯದು ಸುಲಭ. ಕತ್ತಲೆ ಗೋಡೆಯ ಮುಂದೆ ಬೇಸಿನ್ ಇಟ್ಟು ತೆಗೆದೆ, ಎಡಿಟಿಂಗಿನಲ್ಲಿ ಉಲ್ಟಾ ಓಡಿಸಿದೆ. ಹಬೆ ನೀರಿಗಿಳಿಯಿತು, ಜೊತೆಗೆ ನೂಲೂ ಗೂಡಿಗೆ ಹಿಂತಿರುಗಿತು. ನಟಿಸಿದವರು ಮೂವತ್ತು ವರ್ಷ ನೂಲು ಬಿಚ್ಚಿದ ರೀಲರ್. ಲ್ಯಾಪ್‌ಟಾಪ್ ನೋಡಿ, ‘ನಾನು ಬಿಚ್ಚಿದ್ದನ್ನೆಲ್ಲ ವಾಪಸ್ ಸುತ್ತಿಬಿಟ್ಟೆಯಲ್ಲಪ್ಪ’ ಅಂದರು. ನಗಲಿಲ್ಲ.

ಸದ್ದಿಗೆ ಒಂದು ಚಿಕ್ಕ ರೆಕಾರ್ಡರ್. ರಾತ್ರಿ ಎರಡು ಗಂಟೆಗೆ, ಕರೆಂಟ್ ಹೋಗಿ ಫ್ಯಾನ್ ನಿಂತಾಗ, ಹುಳಗಳಿಂದ ಅರ್ಧ ಅಡಿ ದೂರ ಹಿಡಿದೆ. ಮೂರು ರೆಕಾರ್ಡಿಂಗ್ ಒಂದರ ಮೇಲೊಂದು, ಸ್ವಲ್ಪ ಹಿಂದೆ ಮುಂದೆ ಮಾಡಿ ಹಾಕಿದರೆ ದೊಡ್ಡ ಮಳೆಯಾಗುತ್ತದೆ. ಚಿಕ್ಕ ಹುಳು ತಿನ್ನುವುದು ಮೈಕಿಗೆ ಸಿಗುವುದೇ ಇಲ್ಲ. ಹಾಗಾಗಿ ಮೊದಲ ಭಾಗದಲ್ಲಿರುವುದೂ ದೊಡ್ಡ ಹುಳದ ಸದ್ದೇ, ವಾಲ್ಯೂಮ್ ಕಮ್ಮಿ ಮಾಡಿದ್ದೇನೆ. ಮೊದಲ ಇಪ್ಪತ್ತು ಸೆಕೆಂಡ್ ಪರದೆ ಪೂರ್ತಿ ಕಪ್ಪು. ಸದ್ದು ಮಾತ್ರ. ಕೊಡೆ ಬಿಚ್ಚಿಕೊಂಡ ಕ್ಷಣಕ್ಕೆ ಸದ್ದು ನಿಲ್ಲುತ್ತದೆ.

ಬೆಳೆ ಮುಗಿದು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಗೋಡೆಗೆ ಒರಗಿಸಿದ್ದ ದಿನ, ದೊಡ್ಡಮ್ಮನ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆ. ಇಪ್ಪತ್ತು ಜನ ಇದ್ದರೇನೋ. ಪರದೆ ಕಪ್ಪಾಯಿತು, ಸದ್ದು ಶುರುವಾಯಿತು. ಬೆಂಗಳೂರಿನಿಂದ ಬಂದಿದ್ದ ನನ್ನ ಗೆಳೆಯರು ತಲೆ ಎತ್ತಿ ಆಕಾಶ ನೋಡಿದರು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ದೊಡ್ಡಮ್ಮ ಮಾತ್ರ ಚಾಪೆಯಿಂದ ಅರ್ಧ ಎದ್ದು, ನನ್ನ ತೋಳು ಹಿಡಿದಳು.

‘ಸೊಪ್ಪು ಖಾಲಿಯಾಗ್ತಿದೆ ಕಣೋ. ಬರೀ ಕಡ್ಡಿ ಮೇಲೆ ಹರೀತಿವೆ, ಕೇಳಿಸ್ತಿಲ್ವಾ?’