ಆಕ್ಸೊಲಾಟ್ಲ್‌ಗೆ ಹೊಟ್ಟೆ ಉಬ್ಬರ: ಒಳಗಿರುವುದು ಗಾಳಿಯೋ, ಕಲ್ಲೋ, ನೀರೋ?

ಹೊಟ್ಟೆ ಉಬ್ಬರ ಕಾಯಿಲೆಯ ಹೆಸರಲ್ಲ, ಲಕ್ಷಣ ಅಷ್ಟೇ. ಉಬ್ಬಿದ ಆಕ್ಸೊಲಾಟ್ಲ್‌ನ (ಬದುಕಿಡೀ ನೀರಲ್ಲೇ ಇರುವ, ಸಾಲಮ್ಯಾಂಡರ್ ಬಳಗದ ಉಭಯಚರ) ಒಳಗೆ ಗಾಳಿ ತುಂಬಿರಬಹುದು, ಅರಗದ ಆಹಾರವೋ ಕಲ್ಲೋ ಸಿಕ್ಕಿಕೊಂಡಿರಬಹುದು, ನೀರು ಸೇರಿರಬಹುದು, ಹೆಣ್ಣಾದರೆ ಮೊಟ್ಟೆಯೇ ಇರಬಹುದು. ನಾಲ್ಕಕ್ಕೂ ಆರೈಕೆ ಬೇರೆ ಬೇರೆ. ಕಾರಣ ತಿಳಿಯದೆ ಉಪ್ಪು ಹಾಕುವುದು, ಮೀನಿನ ಔಷಧಿ ಸುರಿಯುವುದು, ನೇರ ಫ್ರಿಜ್‌ಗೆ ಇಡುವುದು ಇವುಗಳಿಂದಲೇ ಉಳಿಯಬಹುದಾದ ಎಷ್ಟೋ ಜೀವಗಳು ಹೋಗುತ್ತವೆ.

ಮೊದಲ ಒಂದು ಗಂಟೆಯಲ್ಲಿ

ಆಹಾರ ನಿಲ್ಲಿಸಿ. ದೊಡ್ಡ ಆಕ್ಸೊಲಾಟ್ಲ್ ಒಂದೆರಡು ವಾರ ಉಪವಾಸವಿದ್ದರೂ ತಡೆದುಕೊಳ್ಳುತ್ತದೆ, ಹಸಿದೀತು ಎಂಬ ಮರುಕಕ್ಕೆ ಒಂದು ಹುಳು ಹಾಕಬೇಡಿ. ಮರಿಗಳಿಗೆ ಆ ತಾಳಿಕೆ ಇಲ್ಲ, 7–8 ಸೆಂಟಿಮೀಟರ್‌ಗಿಂತ ಚಿಕ್ಕದು ಉಬ್ಬಿದರೆ ಕಾದು ನೋಡುವ ಮಾತೇ ಬೇಡ, ವೈದ್ಯರನ್ನು ಹುಡುಕಿ.

ನಂತರ ತೊಟ್ಟಿಯ ನೀರು ಪರೀಕ್ಷಿಸಿ. ಅಮೋನಿಯ 0, ನೈಟ್ರೈಟ್ 0, ನೈಟ್ರೇಟ್ 20 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ, ಪಿಎಚ್ 7.4–7.6ರ ಆಸುಪಾಸು, ಉಷ್ಣತೆ 16–18 ಡಿಗ್ರಿ ಸೆಲ್ಸಿಯಸ್ ಇರಬೇಕು. ಉಷ್ಣತೆ 20 ದಾಟಿದರೆ ಅದಕ್ಕೆ ಕಷ್ಟ ಶುರು, 24ರಲ್ಲಿ ಇಡೀ ಶರೀರವೇ ಸೋಲುತ್ತದೆ. ಬಿಸಿ ನೀರಿನಲ್ಲಿ ಹೊಟ್ಟೆಯೊಳಗಿನ ಆಹಾರ ಅರಗುವ ಮೊದಲೇ ಕೊಳೆತು ಗಾಳಿ ಹುಟ್ಟುತ್ತದೆ. ಉಬ್ಬರದ ಮೂಲ ಎಷ್ಟೋ ಸಲ ಥರ್ಮಾಮೀಟರ್‌ನಲ್ಲೇ ಕಾಣುತ್ತದೆ.

ಅಂಕಿಗಳು ಸರಿಯಿರಲಿ, ಬಿಡಲಿ, ರೋಗಿಯನ್ನು ಟಬ್ಬಿಗೆ ಸ್ಥಳಾಂತರಿಸಿ. ಸೋಪು ತಾಗದ, ಮೈ ನೀಟಾಗಿ ಚಾಚಿ ತಿರುಗಬಹುದಾದ ಪ್ಲಾಸ್ಟಿಕ್ ಟಬ್, ಅದರಲ್ಲಿ 6ರಿಂದ 10 ಲೀಟರ್ ಕ್ಲೋರಿನ್ ತೆಗೆದ, ತೊಟ್ಟಿಯಷ್ಟೇ ತಣ್ಣಗಿರುವ ನೀರು. ನಲ್ಲಿ ನೀರನ್ನು ರಾತ್ರಿಯಿಡೀ ಬಿಟ್ಟರೆ ಕ್ಲೋರಿನ್ ಹೋಗುತ್ತದೆ, ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಸೇರಿದ್ದು) ಹೋಗುವುದಿಲ್ಲ; ಹಾಗಾಗಿ ಎರಡನ್ನೂ ತೆಗೆಯುವ ದ್ರವ, ಡಿಕ್ಲೋರಿನೇಟರ್ ಬೇಕು. ಅದರಲ್ಲಿ ಲೋಳೆಸರ ಅಥವಾ ಅಯೋಡಿನ್ ಬೆರೆಸಿದ್ದು ಬೇಡ. ಫಿಲ್ಟರ್ ಇಲ್ಲದ ಟಬ್ಬಿನಲ್ಲಿ ಅಮೋನಿಯ ಬೇಗ ಏರುತ್ತದೆ, ಆದ್ದರಿಂದ ದಿನಕ್ಕೊಮ್ಮೆ ನೂರಕ್ಕೆ ನೂರರಷ್ಟು ನೀರು ಬದಲಾಯಿಸಬೇಕು. ಅರ್ಧ ಬದಲಾವಣೆ ಸಾಲದು. ಅಡಗಲು ಒಂದು ಪೈಪಿನ ತುಂಡು, ಮೇಲೆ ಬೆಳಕು ತಡೆಯುವ ಬಟ್ಟೆ ಹಾಕಿ. ಆಕ್ಸೊಲಾಟ್ಲ್‌ಗೆ ಕಣ್ಣೆವೆ ಇಲ್ಲ, ಬೆಳಕಿನಿಂದ ತಪ್ಪಿಸಿಕೊಳ್ಳಲು ಅದಕ್ಕಿರುವ ದಾರಿ ಅಡಗುವುದೊಂದೇ.

ಎತ್ತುವಾಗ ಜಾಲರಿ ಬಳಸಬೇಡಿ, ಬೆರಳು ಮತ್ತು ಕಿವಿರಿನ ಎಳೆಗಳು ಅದಕ್ಕೆ ಸಿಕ್ಕಿ ಹರಿಯುತ್ತವೆ. ನೀರಿನೊಳಗೇ ಒಂದು ಡಬ್ಬಿ ಹಿಡಿದು ಅದು ತಾನಾಗಿ ಒಳಗೆ ನಡೆಯುವಂತೆ ಮಾಡಿ, ನೀರು ಸಮೇತ ಎತ್ತಿ.

ತಕ್ಕಡಿ ಹೇಳುವುದು

ಒಳಗಿರುವುದು ಏನೆಂದು ತಿಳಿಯಲು ಮನೆಯಲ್ಲಿರುವ ಅತ್ಯುತ್ತಮ ಸಲಕರಣೆ 1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಡಬ್ಬಿಯಲ್ಲಿ ನೀರು ಮತ್ತು ಪ್ರಾಣಿ ಇರುವಾಗ ತೂಗಿ. ಪ್ರಾಣಿಯನ್ನು ಅದೇ ಡಬ್ಬಿಯಿಂದ ಟಬ್ಬಿಗೆ ದಾಟಿಸಿ, ಉಳಿದ ನೀರು ಚೆಲ್ಲದಂತೆ ಡಬ್ಬಿಯನ್ನು ಮತ್ತೆ ತೂಗಿ. ವ್ಯತ್ಯಾಸವೇ ಅದರ ತೂಕ. ಜೊತೆಗೆ ದಿನವೂ ಒಂದೇ ಎತ್ತರದಿಂದ, ನೇರ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಆರೋಗ್ಯವಂತ ಆಕ್ಸೊಲಾಟ್ಲ್‌ನ ಹೊಟ್ಟೆಯ ಅಗಲ ತಲೆಯ ಅಗಲದಷ್ಟಿರುತ್ತದೆ. ಉಬ್ಬಿದೆಯೋ ಇಲ್ಲವೋ ಎಂಬುದನ್ನು ಪಕ್ಕದಿಂದ ನೋಡಿ ಹೇಳಲಾಗದು, ಮೇಲಿನಿಂದ ನೋಡಬೇಕು.

ತಿನ್ನದೇ ಇದ್ದರೂ ಎರಡು ಮೂರು ದಿನ ತೂಕ ಏರುತ್ತಲೇ ಹೋದರೆ ಒಳಗೆ ಸೇರುತ್ತಿರುವುದು ನೀರು. ತೂಕ ಹಾಗೇ ಇದ್ದು, ಪ್ರಾಣಿ ಮೇಲಕ್ಕೆ ತೇಲುತ್ತಿದ್ದರೆ, ಅದರಲ್ಲೂ ಹಿಂಭಾಗ ಎತ್ತಿಕೊಂಡು ಇಳಿಯಲು ಒದ್ದಾಡುತ್ತಿದ್ದರೆ ಗಾಳಿ. ತಳದಲ್ಲೇ ಕೂತು, ಹೊಟ್ಟೆ ಒಂದು ಕಡೆ ಗಂಟುಗಂಟಾಗಿ ಕಂಡು, ಹಲವು ದಿನ ಮಲವೇ ಇಲ್ಲದಿದ್ದರೆ ಏನೋ ಅಡ್ಡ ಸಿಕ್ಕಿದೆ. ತಿಳಿ ಬಣ್ಣದ ಪ್ರಾಣಿಯಾದರೆ ಕತ್ತಲೆಯಲ್ಲಿ ಟಬ್ಬಿನ ಕೆಳಗಿನಿಂದ ಕೆಲವೇ ಸೆಕೆಂಡು ಟಾರ್ಚ್ ಹಿಡಿದು ನೋಡಬಹುದು: ಕಲ್ಲಿದ್ದರೆ ಕಪ್ಪು ನೆರಳು, ನೀರಿದ್ದರೆ ಇಡೀ ಹೊಟ್ಟೆ ಲಾಟೀನಿನಂತೆ ಹೊಳೆಯುತ್ತದೆ.

ಎರಡೂ ಕಡೆ ಸಮನಾಗಿ ದುಂಡಗಾಗಿ, ಚುರುಕಾಗಿ ಓಡಾಡುತ್ತಾ, ಹಸಿವೂ ಚೆನ್ನಾಗಿರುವ ಬೆಳೆದ ಹೆಣ್ಣು ಬಹುತೇಕ ಮೊಟ್ಟೆ ಹೊತ್ತಿದೆ. ಗಂಡಿನ ಜೊತೆ ಇಲ್ಲದಿದ್ದರೂ ಮೊಟ್ಟೆ ಬೆಳೆಯುತ್ತದೆ, ಇದಕ್ಕೆ ಚಿಕಿತ್ಸೆ ಬೇಕಿಲ್ಲ. ಗಂಡಿನಲ್ಲಿ ಹಿಂಗಾಲಿನ ಹಿಂದೆ ಬಾಲದ ಬುಡದಲ್ಲಿ ಕಾಣುವ ಉಬ್ಬು ಕೂಡ ಕಾಯಿಲೆಯಲ್ಲ, ಅದು ಗಂಡಿನ ಗುರುತು.

ಗಾಳಿಯಾದರೆ

ನುಂಗಿದ ಗಾಳಿ ಒಂದೆರಡು ದಿನದಲ್ಲಿ ಹೋಗುತ್ತದೆ. ಟಬ್ಬಿನ ನೀರನ್ನು ಬೆನ್ನು ಮತ್ತು ಕಿವಿರು ಮುಳುಗುವಷ್ಟಕ್ಕೆ ಇಳಿಸಿ. ಕಾಲು ತಳಕ್ಕೆ ತಾಗಿದರೆ ಒದ್ದಾಟ ನಿಂತು ಸುಸ್ತು ಕಡಿಮೆಯಾಗುತ್ತದೆ, ತೇಲುತ್ತಾ ಬೆನ್ನಿನ ಚರ್ಮ ಒಣಗುವುದೂ ತಪ್ಪುತ್ತದೆ. ನೀರು ಕಡಿಮೆಯಾದಷ್ಟೂ ಬೇಗ ಕೊಳಕಾಗುತ್ತದೆ, ಆಗ ದಿನಕ್ಕೆರಡು ಸಲ ಬದಲಾಯಿಸಿ. ಹೊಟ್ಟೆ ಒತ್ತಿ ಗಾಳಿ ಹೊರಡಿಸಲು ಹೋಗಬೇಡಿ, ಒಳಗಿನ ಅಂಗ ಒಡೆಯುತ್ತದೆ.

ಅಡ್ಡ ಸಿಕ್ಕಿದ್ದರೆ

ಆಕ್ಸೊಲಾಟ್ಲ್ ಕಚ್ಚಿ ತಿನ್ನುವುದಿಲ್ಲ, ಬಾಯಿ ಫಕ್ಕನೆ ತೆರೆದು ಮುಂದಿರುವುದನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ತಲೆಗಿಂತ ಚಿಕ್ಕದಾದ ಯಾವ ಕಲ್ಲೂ ಒಳಗೆ ಹೋಗಬಲ್ಲದು. ಮಲಬದ್ಧತೆಯೆಂದು ಅನುಮಾನವಿದ್ದರೆ ಮೊದಲು 16 ಡಿಗ್ರಿಯ ಟಬ್ಬಿನಲ್ಲಿ, ಉಪವಾಸದಲ್ಲಿ ಮೂರು ನಾಲ್ಕು ದಿನ ಬಿಡಿ. ಬಹಳಷ್ಟು ಸಲ ಇಷ್ಟಕ್ಕೇ ಕಂದು ಬಣ್ಣದ ಉಂಡೆ ಹೊರಬೀಳುತ್ತದೆ.

ಫ್ರಿಜ್ಜಿನ ವಿಧಾನದ ಮಾತು ಬರುವುದು ಇದಾದ ಮೇಲೆ. 5–8 ಡಿಗ್ರಿಯ ತಂಪಿನಲ್ಲಿ ಹೊಟ್ಟೆಯೊಳಗಿನ ಕೊಳೆತ ನಿಧಾನವಾಗುತ್ತದೆ, ಕೆಲವು ಪ್ರಾಣಿಗಳು ನುಂಗಿದ್ದನ್ನು ಕಕ್ಕುತ್ತವೆ ಅಥವಾ ವಿಸರ್ಜಿಸುತ್ತವೆ. ಆದರೆ ಅದೇ ತಂಪು ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಹಾಗಾಗಿ ಸೋಂಕಿನ ಗುರುತಿದ್ದರೆ, ನೀರು ತುಂಬಿದ್ದರೆ ಫ್ರಿಜ್ ಬೇಡವೇ ಬೇಡ. ಇಡಲೇಬೇಕಾದರೆ ಟಬ್ಬನ್ನು ಈಗಿರುವ ಉಷ್ಣತೆಯ ನೀರಿನೊಂದಿಗೇ ಒಳಗಿಡಿ, ಅಷ್ಟು ನೀರು ತಣಿಯಲು ಹಲವು ಗಂಟೆ ಹಿಡಿಯುವುದರಿಂದ ಇಳಿಕೆ ನಿಧಾನವಾಗುತ್ತದೆ. ಮೊದಲೇ ತಣಿಸಿದ ನೀರಿಗೆ ಬಿಡುವುದು, ಐಸ್ ತುಂಡು ಹಾಕುವುದು ಆಘಾತ ಕೊಡುತ್ತದೆ. ನಾಳೆಯ ಬದಲಾವಣೆಯ ನೀರನ್ನು ಇವತ್ತೇ ಬಾಟಲಿಯಲ್ಲಿ ಅದೇ ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಒಂದು ವಾರದಲ್ಲಿ ಫಲ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಎಕ್ಸ್‌ರೇ ಬೇಕು.

ನೀರು ತುಂಬಿದ್ದರೆ

ಹೆಚ್ಚು ಭಯಪಡಬೇಕಾದ್ದು ಇದಕ್ಕೆ. ಸಿಹಿನೀರಿನಲ್ಲಿ ಬದುಕುವ ಉಭಯಚರದ ಚರ್ಮದ ಮೂಲಕ ನೀರು ಹಗಲಿರುಳೂ ಒಳಗೆ ಜಿನುಗುತ್ತಲೇ ಇರುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರುತ್ತದೆ. ಮೂತ್ರಪಿಂಡವೋ ಯಕೃತ್ತೋ ಹೃದಯವೋ ಸೋತರೆ, ಬ್ಯಾಕ್ಟೀರಿಯಾ ಸೋಂಕು ರಕ್ತಕ್ಕೆ ಇಳಿದರೆ ಈ ಲೆಕ್ಕ ತಪ್ಪಿ ಹೊಟ್ಟೆ ಬಲೂನಿನಂತಾಗುತ್ತದೆ. ಮನೆಯಲ್ಲಿ ಇದಕ್ಕೆ ಮದ್ದಿಲ್ಲ. ಸೂಜಿ ಚುಚ್ಚಿ ನೀರು ತೆಗೆಯುವ ವಿಡಿಯೊ ನೋಡಿ ಕೈಹಾಕಬೇಡಿ.

ವೈದ್ಯರು ಸಿಗುವವರೆಗೆ ಜಿನುಗುವ ನೀರಿನ ಒತ್ತಡವನ್ನು ಸ್ವಲ್ಪ ತಗ್ಗಿಸಲು ಸಾಧ್ಯ: ಸಾದಾ ನೀರಿನ ಬದಲು 40 ಶೇಕಡ ಹೋಲ್ಟ್‌ಫ್ರೆಟರ್ ದ್ರಾವಣ, ಅಂದರೆ ಉಭಯಚರಗಳಿಗೆ ಬಳಸುವ ಹಗುರ ಲವಣದ ನೀರು. 10 ಲೀಟರ್ ಡಿಸ್ಟಿಲ್ಡ್ ಅಥವಾ ಆರ್‌ಒ ನೀರಿಗೆ ಅಯೋಡಿನ್ ಇಲ್ಲದ ಉಪ್ಪು 14 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 0.4 ಗ್ರಾಂ, ಅಡುಗೆ ಸೋಡಾ 0.8 ಗ್ರಾಂ. ಇದಕ್ಕೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು, ಚಮಚದ ಅಂದಾಜು ನಡೆಯುವುದಿಲ್ಲ. ಚರ್ಮದ ಮೇಲಿನ ಶಿಲೀಂಧ್ರಕ್ಕೆ ಕೊಡುವ 10 ನಿಮಿಷದ ಗಡಸು ಉಪ್ಪು ಸ್ನಾನವೇ ಬೇರೆ. ಹೊಟ್ಟೆ ಉಬ್ಬರಕ್ಕೆ ಅದು ಕೆಲಸ ಮಾಡುವುದಿಲ್ಲ, ಸೋತ ಪ್ರಾಣಿಯ ಕಿವಿರನ್ನು ಸುಡುತ್ತದೆ. ತಾಮ್ರ ಅಥವಾ ಮಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ರಾಸಾಯನಿಕ ಇರುವ ಮೀನಿನ ಔಷಧಿಗಳು ಆ ತೆಳು ಚರ್ಮದ ಮೂಲಕ ನೇರ ಒಳಗಿಳಿಯುತ್ತವೆ, ಅವನ್ನು ಮುಟ್ಟಲೇಬೇಡಿ.

ಯಾವಾಗ ಓಡಬೇಕು

ಹೊಟ್ಟೆಯ ಕೆಳಭಾಗ ಅಥವಾ ಕಾಲುಗಳಲ್ಲಿ ಕೆಂಪು ಚುಕ್ಕೆ, ಮಗುಚಿಕೊಳ್ಳುವುದು, ಪದೇಪದೇ ವಾಂತಿ, ಹೊರಗೆ ಜಾರಿದ ಕರುಳು, ದಿನದಿಂದ ದಿನಕ್ಕೆ ಏರುವ ತೂಕ: ಇವುಗಳಲ್ಲಿ ಒಂದಿದ್ದರೂ ಅದೇ ದಿನ. ಮುಂದಕ್ಕೆ ಬಾಗಿದ ಕಿವಿರು ಮತ್ತು ಕೊಕ್ಕೆಯಂತೆ ಮಡಚಿದ ಬಾಲದ ತುದಿ ಒತ್ತಡದ ಗುರುತು; ನೀರು ಸರಿಪಡಿಸಿದ ಮೇಲೂ ಉಳಿದರೆ ಅವೂ ಈ ಪಟ್ಟಿಗೆ ಸೇರುತ್ತವೆ. ನಾಯಿ ಬೆಕ್ಕು ಮಾತ್ರ ನೋಡುವವರಿಗಿಂತ ಉಭಯಚರ, ಸರೀಸೃಪಗಳನ್ನು ನೋಡಿ ರೂಢಿಯಿರುವ ವೈದ್ಯರಾದರೆ ಒಳ್ಳೆಯದು. ತೂಕದ ಪಟ್ಟಿ, ಫೋಟೊಗಳು, ನೀರಿನ ಅಂಕಿಗಳನ್ನು ಒಯ್ಯಿರಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡಬ್ಬಿ ಇಟ್ಟು, ಬಟ್ಟೆ ಸುತ್ತಿದ ಐಸ್ ಬಾಟಲಿಯನ್ನು ಡಬ್ಬಿಯ ಹೊರಗಿಡಿ.

ಎಕ್ಸ್‌ರೇಯಲ್ಲಿ ಕಲ್ಲು ಮತ್ತು ಗಾಳಿ, ಅಲ್ಟ್ರಾಸೌಂಡ್‌ನಲ್ಲಿ ನೀರು ಮತ್ತು ಮೊಟ್ಟೆ ಚೆನ್ನಾಗಿ ಕಾಣುತ್ತವೆ. ತೆಗೆದ ನೀರನ್ನು ಪರೀಕ್ಷೆಗೆ ಕಳಿಸಿದರೆ ಯಾವ ಆಂಟಿಬಯೋಟಿಕ್ ಎಂಬುದು ತೀರ್ಮಾನವಾಗುತ್ತದೆ. ಸೋಂಕಾಗಿದ್ದರೆ ಚೇತರಿಕೆಯ ಆಸೆ ಇಟ್ಟುಕೊಳ್ಳಬಹುದು. ಅಂಗವೇ ಸೋತಿದ್ದರೆ ತೆಗೆದ ನೀರು ಮತ್ತೆ ತುಂಬುತ್ತದೆ, ಆಗ ನೋವಿಲ್ಲದ ಅಂತ್ಯದ ಬಗ್ಗೆ ವೈದ್ಯರನ್ನೇ ಕೇಳಿ. ಫ್ರೀಜರ್‌ನಲ್ಲಿಟ್ಟು ಸಾಯಿಸುವುದು ಕ್ರೂರ.

ಮರಳಿ ತೊಟ್ಟಿಗೆ

ಮಲ ಬಂದು, ಹೊಟ್ಟೆ ಇಳಿದ ಮೇಲೆ 2–3 ಸೆಂಟಿಮೀಟರ್ ಎರೆಹುಳುವಿನ ತುಂಡು ಕೊಟ್ಟು ಎರಡು ದಿನ ಕಾಯಿರಿ. ಅದು ಸರಿಯಾಗಿ ಅರಗಿದರೆ ನಿಧಾನವಾಗಿ ವಾರಕ್ಕೆ ಎರಡು ಮೂರು ಊಟಕ್ಕೆ ಏರಿಸಿ. ಗಟ್ಟಿ ಕವಚದ ಮೀಲ್‌ವರ್ಮ್ (ಜೀರುಂಡೆಯ ಮರಿಹುಳು) ಬೇಡ, ನೀರಲ್ಲಿ ಹಿಗ್ಗುವ ಪೆಲೆಟ್ (ಒಣ ಆಹಾರದ ಗುಳಿಗೆ)ಗಳನ್ನು ಮೊದಲೇ ನೆನೆಸಿ ಕೊಡಿ. ತೊಟ್ಟಿಯ ಜಲ್ಲಿ ಪೂರ್ತಿ ತೆಗೆಯಿರಿ: ಬರಿ ತಳ, ಅಥವಾ ಬೆಳೆದ ಪ್ರಾಣಿಗೆ 1 ಮಿಲಿಮೀಟರ್‌ಗಿಂತ ಸಣ್ಣ ಕಣದ ಮರಳು.

ಇಲ್ಲಿ ಎಡವುವವರು ಬಹಳ: ರೋಗಿ ಟಬ್ಬಿನಲ್ಲಿರುವಾಗ ಖಾಲಿ ತೊಟ್ಟಿಯ ಫಿಲ್ಟರ್ ನಿಲ್ಲಿಸಿಬಿಡುತ್ತಾರೆ. ಕೆಲವೇ ಗಂಟೆಗಳಲ್ಲಿ ಅದರೊಳಗಿನ, ಅಮೋನಿಯ ತಿಂದು ಬದುಕುವ ಉಪಕಾರಿ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತೊಡಗುತ್ತವೆ. ಫಿಲ್ಟರ್ ಓಡುತ್ತಿದ್ದರೂ ಪ್ರಾಣಿಯಿಲ್ಲದ ತೊಟ್ಟಿಯಲ್ಲಿ ಅವಕ್ಕೆ ಆಹಾರವಿಲ್ಲ. ಫಿಲ್ಟರ್ ನಿಲ್ಲಿಸದೆ, ದಿನಕ್ಕೆ 1 ಪಿಪಿಎಂನಷ್ಟು ಅಮೋನಿಯ ಹಾಕುತ್ತಿರಿ. ಹಾಕಿದ ಅಮೋನಿಯ 24 ಗಂಟೆಯಲ್ಲಿ 0ಗೆ ಇಳಿದು, ನೈಟ್ರೈಟ್ ಕೂಡ 0 ತೋರಿಸಿದ ದಿನವೇ ಆಕ್ಸೊಲಾಟ್ಲ್ ಅನ್ನು ಹಿಂದಕ್ಕೆ ಬಿಡಿ.